ಎಂಜಿನ್ ಹಿಂದಿರಲಿಲ್ಲ, ಕಾಲಡಿ ಇತ್ತು

ಓದುಗರ ಪತ್ರ: ಕಳೆದ ಸಂಚಿಕೆಯ ಬುಡಾಪೆಸ್ಟ್ ಪ್ರವಾಸ ಲೇಖನದಲ್ಲಿ ಒಂದು ಉದ್ದನೆಯ ನೀಲಿ ಬಸ್ಸಿನ ಫೋಟೋ ಹಾಕಿದ್ದೀರಿ. ಅದರ ಕೆಳಗೆ ‘ಎರಡು ಬಸ್ಸು ಜೋಡಿಸಿ ಮಾಡಿದ ಇಕಾರುಸ್ 280. ಎಂಜಿನ್ ಹಿಂಭಾಗದಲ್ಲಿದೆ’ ಎಂದು ಬರೆದಿದ್ದೀರಿ. ನಾನು ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನು. ಎಂಜಿನ್ ಹಿಂದೆ ಕೂತು ಮುಂದಿನ ಅರ್ಧವನ್ನು ತಳ್ಳಿದರೆ ಬಸ್ಸು ನಡುವೆ ಮಡಚಿಕೊಳ್ಳುವುದಿಲ್ಲವೇ? ಇನ್ನು ಎರಡು ಬಸ್ಸು ಜೋಡಿಸಿದ್ದೇ ಆದರೆ ಅದು ಸುಮ್ನೆ ಒಂದು ಟ್ರೇಲರ್ ಅಲ್ವಾ? ಅದಕ್ಕೆ ಇಷ್ಟು ಹೊಗಳಿಕೆ ಯಾಕೆ? ಹಾಗೇ, ಅದನ್ನು ರಿವರ್ಸ್ ತೆಗೆಯುವುದು ಹೇಗೆ ಎಂದೂ ಬರೆಯಿರಿ.
– ನಿವೃತ್ತ ಬಸ್ ಚಾಲಕ, ದಾವಣಗೆರೆ

ಸಂಪಾದಕರ ಉತ್ತರ:

ಯಜಮಾನರೇ, ನಮಸ್ಕಾರ.

ತಪ್ಪು ನಮ್ಮದೇ. ಫೋಟೋ ಕೆಳಗಿನ ಸಾಲು ಬರೆದವನು ನಾನು. ಹಂಗೇರಿಯ ಇಕಾರುಸ್ ಕಂಪನಿ ಮಾಡಿದ ಈ 280 ಬಸ್ಸಿನ ಎಂಜಿನ್ ಹಿಂದೆ ಇರಲಿಲ್ಲ. ಮುಂದಿನ ಅರ್ಧದಲ್ಲಿ, ಮೊದಲ ಮತ್ತು ಎರಡನೇ ಆಕ್ಸಲ್ (ಗಾಲಿಗಳ ಅಚ್ಚು) ನಡುವೆ, ಜನ ನಿಲ್ಲುವ ನೆಲದ ಅಡಿಯಲ್ಲಿ ಮಗ್ಗುಲಾಗಿ ಮಲಗಿತ್ತು. ಈಗಿನ ಬಸ್ಸುಗಳಲ್ಲಿ ಎಂಜಿನ್ ಹಿಂದಿರುವುದನ್ನು ನೋಡಿ ನೋಡಿ, ಇದೂ ಹಾಗೇ ಇರಬೇಕು ಎಂದು ಬರೆದುಬಿಟ್ಟೆ. ನಿಮ್ಮ ಪತ್ರ ಬಂದ ಮೇಲೆ ಒಂದು ವಾರ ಇದೇ ಬಸ್ಸಿನ ಹಿಂದೆ ಬಿದ್ದಿದ್ದೆ. ಕೊನೆಗೆ ಒಂದು ವಿಷಯ ಸ್ಪಷ್ಟವಾಯಿತು. ಆ ಬಸ್ಸಿನ ಒಳ್ಳೆಯದು ಕೆಟ್ಟದ್ದು ಎರಡೂ, ಎಂಜಿನ್ ಎಲ್ಲಿಡಬೇಕು ಎಂಬ ಆ ಒಂದು ತೀರ್ಮಾನದಿಂದಲೇ ಬಂದದ್ದು. ನೀವು ಕೈ ಇಟ್ಟಿದ್ದು ಸರಿಯಾಗಿ ಅದರ ಮೇಲೇ.

ಮೊದಲು ನಿಮ್ಮ ಮಡಚುವ ಪ್ರಶ್ನೆ. ಹಗ್ಗವನ್ನು ಎಳೆಯಬಹುದು, ತಳ್ಳುವುದಕ್ಕೆ ಆಗುವುದಿಲ್ಲ. ನಡುವೆ ಕೀಲು ಇರುವ ಬಸ್ಸಿಗೂ ಇದೇ ಮಾತು. 280ಕ್ಕೆ ಇದ್ದದ್ದು ಮೂರು ಆಕ್ಸಲ್. ಎಂಜಿನ್ ಶಕ್ತಿ ಹೋಗುತ್ತಿದ್ದದ್ದು ನಡುವಿನ ಆಕ್ಸಲ್‌ಗೆ. ಅಂದರೆ ಮುಂದಿನ ಅರ್ಧ ತನ್ನಷ್ಟಕ್ಕೆ ಒಂದು ಪೂರ್ತಿ ಬಸ್ಸು. ಎರಡು ಆಕ್ಸಲ್, ಎಂಜಿನ್, ಗೇರ್ ಬಾಕ್ಸ್, ಡ್ರೈವರ್ ಎಲ್ಲ ಅಲ್ಲೇ. ಹಿಂದಿನ ಅರ್ಧಕ್ಕೆ ಒಂದೇ ಆಕ್ಸಲ್. ಅದರ ಕೆಲಸ ಹಿಂಬಾಲಿಸುವುದು ಅಷ್ಟೇ. ಎತ್ತು ಮುಂದಿದೆ, ಗಾಡಿ ಹಿಂದಿದೆ. ಗ್ಯಾಸ್ ಕೊಟ್ಟಷ್ಟೂ ಹಿಂದಿನ ತುಂಡು ನೆಟ್ಟಗಾಗುತ್ತದೆಯೇ ಹೊರತು ಮಡಚಿಕೊಳ್ಳುವುದಿಲ್ಲ.

ಹಾಗಂತ ಹಿಂದಿನಿಂದ ತಳ್ಳುವ ಬಸ್ಸುಗಳು ಇಲ್ಲ ಅಂತಲ್ಲ. ಇವತ್ತು ಜಗತ್ತಿನಲ್ಲಿ ಓಡುವ, ನಡುವೆ ಕೀಲಿರುವ ಜೋಡಿ ಬಸ್ಸುಗಳಲ್ಲಿ ಬಹುಪಾಲು ಅವೇ. ಅವುಗಳಲ್ಲಿ ಎಂಜಿನ್ ಶಕ್ತಿ ಹೋಗುವುದು ಕಟ್ಟಕಡೆಯ ಆಕ್ಸಲ್‌ಗೆ. ನೀವು ಹೆದರಿದ್ದೇ ಅಲ್ಲಿ ಅಪಾಯ. ಒದ್ದೆ ರಸ್ತೆಯಲ್ಲಿ ಮುಂದಿನ ತುಂಡು ಜಾರಿದರೆ ಹಿಂದಿನದು ತಳ್ಳುತ್ತಲೇ ಇರುತ್ತದೆ, ಬಸ್ಸು ಚಾಕುವಿನ ಹಾಗೆ ಮಡಚಿಕೊಳ್ಳುತ್ತದೆ. ಅದನ್ನು ತಡೆಯಲು ಕೀಲಿನಲ್ಲಿ ಎಣ್ಣೆಯ ಒತ್ತಡದ ಸಿಲಿಂಡರ್ ಇಟ್ಟು, ಕೋನ ಮಿತಿ ಮೀರಿದರೆ ಬಿಗಿ ಹಿಡಿಯುವ ನಿಯಂತ್ರಣ ಕೊಡಬೇಕಾಯಿತು. ಪಶ್ಚಿಮ ಜರ್ಮನಿಯ ಮರ್ಸಿಡಿಸ್ ಬೆಂಜ್ 1970ರ ದಶಕದ ಕೊನೆಯಲ್ಲಿ ಓ305ಜಿ ಎಂಬ ಬಸ್ಸಿನಲ್ಲಿ ಈ ದಾರಿ ಹಿಡಿಯಿತು. ಲಂಡನ್ನಿನ ಬೀದಿಗಳಲ್ಲಿ 2002ರಿಂದ 2011ರವರೆಗೆ ಓಡಿದ ಮರ್ಸಿಡಿಸ್ ಸಿಟಾರೋ ಜೋಡಿ ಬಸ್ಸುಗಳೂ ತಳ್ಳುವ ಜಾತಿಯವೇ.

ಹಂಗೇರಿಯವರು ಆ ರಗಳೆಗೇ ಹೋಗಲಿಲ್ಲ. ಕೀಲಿನಲ್ಲಿ ಜಾಣತನ ತುಂಬುವ ಬದಲು, ಕೀಲಿಗೆ ಜಾಣತನವೇ ಬೇಡವಾಗುವ ಹಾಗೆ ಎಂಜಿನ್ ಜಾಗ ಆರಿಸಿದರು. ನನಗೆ ಈ ಬಸ್ಸು ಇಷ್ಟವಾಗುವುದು ಇದಕ್ಕೇ. ಸ್ವೀಡನ್ನಿನ ವೋಲ್ವೊ ಕಂಪನಿಯೂ ತನ್ನ ಬಿ10ಎಂ ಬಸ್ಸಿನಲ್ಲಿ ಎಂಜಿನನ್ನು ಹೀಗೇ ನೆಲದಡಿ ಮಲಗಿಸಿತ್ತು. ಬೆಂಗಳೂರಿನವರಿಗೆ ವೋಲ್ವೊ ಅಂದರೆ ಹಿಂದೆ ಎಂಜಿನ್ ಇರುವ ಏಸಿ ಬಸ್ಸು. ಆದರೆ ಅದೇ ಕಂಪನಿ ಎಳೆಯುವವರ ಬಣದಲ್ಲೂ ಇತ್ತು.

ಈಗ ಟ್ರೇಲರ್ ವಿಷಯ. ಇಲ್ಲಿ ನೀವು ಅರ್ಧ ಸರಿ, ಆದರೆ ಬೇರೆ ಬಸ್ಸಿನ ಬಗ್ಗೆ ಸರಿ! ಎರಡನೇ ಮಹಾಯುದ್ಧದ ನಂತರ ಯುರೋಪಿನ ಊರುಗಳಲ್ಲಿ ಬಸ್ಸಿನ ಹಿಂದೆ ಜನ ತುಂಬಿದ ಟ್ರೇಲರ್ ಕಟ್ಟಿಕೊಂಡು ಓಡಿಸುತ್ತಿದ್ದರು. ಅದಕ್ಕೊಬ್ಬ ಬೇರೆ ಕಂಡಕ್ಟರ್ ಬೇಕು. ಮುಂದಿನವರು ಹಿಂದೆ ಹೋಗುವ ಹಾಗಿಲ್ಲ. ಮುಂದೆ ಉಸಿರು ಕಟ್ಟುವಷ್ಟು ಜನ, ಹಿಂದೆ ಖಾಲಿ ಸೀಟು ಎಂಬ ಪರಿಸ್ಥಿತಿ. ಪಶ್ಚಿಮ ಜರ್ಮನಿಯಂತೂ 1960ರಲ್ಲಿ ಜನರಿರುವ ಟ್ರೇಲರ್ ಎಳೆಯುವುದನ್ನೇ ನಿಷೇಧಿಸಿತು. ಬುಡಾಪೆಸ್ಟ್‌ನಲ್ಲಿ ಏನು ಮಾಡಿದರು ಗೊತ್ತೇ? 1960ರ ದಶಕದ ಆರಂಭದಲ್ಲಿ ಆ ಊರಿನ ಬಸ್ ಸಂಸ್ಥೆ ತನ್ನದೇ ವರ್ಕ್‌ಶಾಪಿನಲ್ಲಿ, ಹಳೆಯ ಇಕಾರುಸ್ ಬಸ್ಸುಗಳನ್ನು ಕತ್ತರಿಸಿ ನಡುವೆ ಕೀಲು ಹಾಕಿ, ಎರಡನ್ನು ಒಂದು ಮಾಡಿ ಓಡಿಸಿತು. ಗುಜರಿಗೆ ಹೋಗಬೇಕಾದ ಎರಡರಿಂದ ರಸ್ತೆಗೆ ಒಂದು. ನಮ್ಮ ಗ್ಯಾರೇಜು ಮೇಸ್ತ್ರಿಗಳು ಕೇಳಿದರೆ ಖುಷಿಪಡುತ್ತಾರೆ. ಹಾಗಾಗಿ ‘ಎರಡು ಬಸ್ಸು ಜೋಡಿಸಿ’ ಎಂಬ ನನ್ನ ಮಾತು 280ಕ್ಕೆ ತಪ್ಪು, ಅದರ ತಾತನಿಗೆ ಸರಿ.

ಆಮೇಲೆ ಇಕಾರುಸ್ ಕಾರ್ಖಾನೆಯೇ 180 ಎಂಬ ಜೋಡಿ ಬಸ್ಸು ತಯಾರಿಸಿತು. ದುಂಡು ಮೂಲೆಗಳ, ನೋಡಲು ಚೆಂದದ ಬಸ್ಸು. 280 ಬಂದದ್ದು ಅದರ ನಂತರ. 1970ರ ದಶಕದ ಆರಂಭದಲ್ಲಿ ಮೊದಲ ಮಾದರಿ, 1973ರಿಂದ ಸಾಲು ಸಾಲಾಗಿ ತಯಾರಿಕೆ. 2000ದ ಸುಮಾರಿಗೆ ನಿಲ್ಲುವ ಹೊತ್ತಿಗೆ 60 ಸಾವಿರಕ್ಕೂ ಜಾಸ್ತಿ ಹೊರಬಂದಿದ್ದವು. ಒಂದೇ ಮಾದರಿಯ ಜೋಡಿ ಬಸ್ಸು ಇಷ್ಟೊಂದು! ಅದರ ಉದ್ದ ಹದಿನಾರೂವರೆ ಮೀಟರ್.

ಇಕಾರುಸ್ ಹುಟ್ಟಿದ ಕಥೆ ಸಣ್ಣದು, ಆದರೆ ಹೇಳದೆ ಬಿಡಲಾರೆ. ಉರಿ ಇಮ್ರೆ ಎಂಬಾತ 1895ರಲ್ಲಿ ಬುಡಾಪೆಸ್ಟ್‌ನಲ್ಲಿ ಕಮ್ಮಾರಿಕೆ ಮತ್ತು ಗಾಡಿ ಕಟ್ಟುವ ಅಂಗಡಿ ಇಟ್ಟ. ಎರಡನೇ ಮಹಾಯುದ್ಧದ ನಂತರ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡು, ಇನ್ನೊಂದು ಕಂಪನಿಯ ಜೊತೆ ಸೇರಿಸಿ ಇಕಾರುಸ್ ಎಂದು ಕರೆಯಿತು. ಕಮ್ಮಾರನ ತಿದಿಯಿಂದ ಶುರುವಾದ ಕಂಪನಿ ನಡುವಿನ ಕೀಲಿಗೆ ತಿದಿಯಂಥ ಮಡಿಕೆಯ ಹೊದಿಕೆ ಇರುವ ಬಸ್ಸಿನಿಂದ ಹೆಸರು ಮಾಡಿತು ನೋಡಿ.

ಇಷ್ಟೊಂದು ಬಸ್ಸುಗಳಿಗೆ ಗಿರಾಕಿಗಳು ಎಲ್ಲಿಂದ ಬಂದರು? ಸೋವಿಯತ್ ಬಣದ ದೇಶಗಳು ಯಾರು ಏನು ತಯಾರಿಸಬೇಕು ಎಂದು ಹಂಚಿಕೊಂಡಿದ್ದವು. ದೊಡ್ಡ ಬಸ್ಸುಗಳ ಪಾಲು ಹಂಗೇರಿಗೆ ಬಂತು. ಬಸ್ಸುಗಳು ಮಾಸ್ಕೋಗೆ, ಪೂರ್ವ ಜರ್ಮನಿಗೆ, ಪೋಲೆಂಡಿಗೆ ಹೋದವು. ರಷ್ಯನ್ನರು ಅದನ್ನು ‘ಗರ್ಮೋಷ್ಕಾ’ ಅಂದರು, ಅಂದರೆ ಪುಟ್ಟ ಅಕಾರ್ಡಿಯನ್. ನಮ್ಮಲ್ಲಾಗಿದ್ದರೆ ಹಾರ್ಮೋನಿಯಂ ಬಸ್ಸು ಎನ್ನುತ್ತಿದ್ದೆವೋ ಏನೋ. ಪೂರ್ವ ಜರ್ಮನಿಯವರು ಅದರ ಬಾಲ ಬಳುಕುವುದನ್ನು ನೋಡಿ ‘ಶ್ಲೆಂಕಿ’ ಎಂದು ಕರೆದರು. 1980ರ ದಶಕದ ಒಳ್ಳೆಯ ದಿನಗಳಲ್ಲಿ ಇಕಾರುಸ್ ವರ್ಷಕ್ಕೆ ಸುಮಾರು 13 ಸಾವಿರ ಬಸ್ಸು ತಯಾರಿಸುತ್ತಿತ್ತು.

‘ಹಾಗಿದ್ದರೆ ಬೇರೆ ದಾರಿಯಿಲ್ಲದೆ ಕೊಂಡರು’ ಎನ್ನಬಹುದು ನೀವು. ಪೂರ್ತಿ ನಿಜವಲ್ಲ. ಇದೇ ಕುಟುಂಬದ 286 ಎಂಬ ಮಾದರಿ ಅಮೆರಿಕಕ್ಕೂ ಹೋಯಿತು. ಬಸ್ಸಿನ ಒಡಲು ಹಂಗೇರಿಯಿಂದ ಬರುತ್ತಿತ್ತು, ಉಳಿದದ್ದನ್ನು ಕ್ಯಾಲಿಫೋರ್ನಿಯಾದ ಕ್ರೌನ್ ಕಂಪನಿ ಪೂರ್ತಿ ಮಾಡುತ್ತಿತ್ತು. ಪೋರ್ಟ್‌ಲ್ಯಾಂಡ್ ನಗರ ಒಂದೇ 87 ಬಸ್ಸು ತೆಗೆದುಕೊಂಡಿತು. ಶೀತಲ ಸಮರ ಜೋರಾಗಿದ್ದ ಕಾಲದಲ್ಲಿ, ರೇಗನ್ ಅಧ್ಯಕ್ಷರಾಗಿದ್ದಾಗ, ಅಮೆರಿಕದ ಜನ ಕಮ್ಯುನಿಸ್ಟ್ ದೇಶದ ಬಸ್ಸಿನಲ್ಲಿ ಕೂತು ಕೆಲಸಕ್ಕೆ ಹೋಗುತ್ತಿದ್ದರು.

ವಿನ್ಯಾಸ ಮಾಡಿದವರು ಫಿಂಟಾ ಲಾಸ್ಲೋ. (ಹಂಗೇರಿಯಲ್ಲಿ ಮನೆಹೆಸರು ಮೊದಲು ಬರುತ್ತದೆ, ಆದ್ದರಿಂದ ಫಿಂಟಾ ಎನ್ನುವುದು ಮನೆಹೆಸರು.) 180ರ ದುಂಡು ಮೂಲೆಗಳನ್ನೆಲ್ಲ ಅವರು ಬಿಟ್ಟರು. ನೆಟ್ಟಗಿನ ಗೋಡೆ, ಸಪಾಟು ಮುಖ, ಅಗಲವಾದ ಎತ್ತರದ ಕಿಟಕಿ. ಮೊದಲ ನೋಟಕ್ಕೆ ಬೆಂಕಿಪೊಟ್ಟಣ. ಆದರೆ ಫೋಟೋವನ್ನು ಇನ್ನೊಮ್ಮೆ ನೋಡಿ. ಕಿಟಕಿಯ ಕೆಳಗಿನ ಗೆರೆ ಎಷ್ಟು ತಗ್ಗಿನಲ್ಲಿದೆ! ಕೂತವರಿಗೆ ರಸ್ತೆ, ನಿಂತವರಿಗೆ ಆಕಾಶ, ಎರಡೂ ಕಾಣುತ್ತವೆ. ಅದಕ್ಕಿಂತ ದೊಡ್ಡ ಜಾಣತನ ಕಾಣದ ಜಾಗದಲ್ಲಿದೆ. 280ರ ಜೊತೆಗೇ 260 ಎಂಬ 11 ಮೀಟರಿನ ಒಂಟಿ ಬಸ್ಸೂ ಬರುತ್ತಿತ್ತು. ಅದರಲ್ಲೂ ಎಂಜಿನ್ ನೆಲದಡಿಯೇ. ಕಿಟಕಿ, ಬಾಗಿಲು, ದೀಪ, ಎಂಜಿನ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಡಿಪೋದಲ್ಲಿ ಒಂದೇ ಸ್ಟೋರು, ಒಂದೇ ಬಿಡಿಭಾಗ, ಒಂದೇ ಮೆಕ್ಯಾನಿಕ್. ಡಿಪೋ ಕಂಡ ನಿಮಗೆ ಇದರ ಬೆಲೆ ನಾನು ಹೇಳಬೇಕಿಲ್ಲ.

ಎಂಜಿನ್ ಗ್ಯೋರ್ ಪಟ್ಟಣದ ರಾಬಾ ಕಾರ್ಖಾನೆಯದು. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್ ಪಡೆದು ಮಾಡಿದ್ದು. ಆರು ಸಿಲಿಂಡರ್, ಹತ್ತು ಲೀಟರಿಗಿಂತ ದೊಡ್ಡದು, ಶಕ್ತಿ 192 ಅಶ್ವಶಕ್ತಿ. ಖಾಲಿ ಬಸ್ಸೇ 12 ಟನ್ ದಾಟುತ್ತಿತ್ತು. ಅದರ ಮೇಲೆ ನೂರೈವತ್ತು ಜನ ನಿಂತರೆ ಬುಡಾಪೆಸ್ಟಿನ ಗುಡ್ಡಗಳಿರುವ ಬುಡಾ ಭಾಗದ ಏರಿನಲ್ಲಿ ಹೇಗಿರುತ್ತಿತ್ತು ಎಂದು ನೀವೇ ಊಹಿಸಿ. ನನ್ನ ಕೇಳಿದರೆ ಶಕ್ತಿ ಸ್ವಲ್ಪ ಕಡಿಮೆಯೇ.

ಕೀಲಿನ ಬಗ್ಗೆ ಒಂದು ಮಾತು. ನೆಲದಲ್ಲಿ ಬೀಸುಕಲ್ಲಿನ ಹಾಗೆ ಒಂದು ದುಂಡನೆಯ ತಟ್ಟೆ. ಬಸ್ಸು ತಿರುಗಿದಾಗ ಅದೂ ತಿರುಗುತ್ತದೆ. ಎಡಬಲಕ್ಕೆ ಮಾತ್ರವಲ್ಲ, ಉಬ್ಬು ಹತ್ತಿ ಇಳಿಯುವಾಗ ಮೇಲೆ ಕೆಳಗೂ ಕೀಲು ಬಗ್ಗಬೇಕು. ಸುತ್ತ ಮಳೆ ಗಾಳಿ ಬರದಂತೆ ಮಡಿಕೆ ಮಡಿಕೆಯ ಹೊದಿಕೆ. ಬೆಂಗಳೂರಿನಲ್ಲಿ ಇಂಥ ಬಸ್ಸುಗಳಿಗೆ ವೆಸ್ಟಿಬ್ಯೂಲ್ ಬಸ್ ಎನ್ನುತ್ತಿದ್ದರು. ನಾನು ಒಮ್ಮೆ ಅದರ ತಟ್ಟೆಯ ಮೇಲೆ ನಿಂತಿದ್ದೆ. ತಿರುವಿನಲ್ಲಿ ಒಂದು ಕಾಲು ಬಸ್ಸಿನ ಮುಂಭಾಗದ ಜೊತೆ ಹೋಯಿತು, ಇನ್ನೊಂದು ಹಿಂಭಾಗದ ಜೊತೆ. ಪಕ್ಕದ ಅಜ್ಜಿಯ ಬುಟ್ಟಿ ಹಿಡಿದುಕೊಂಡು ಬಚಾವಾದೆ. ಅಜ್ಜಿ ಬೈದದ್ದು ಬಸ್ಸಿಗಲ್ಲ, ನನಗೆ.

ಇನ್ನೊಂದು ಸಂಗತಿ ನಿಮ್ಮಂಥವರಿಗೆ ಇಷ್ಟವಾಗಬಹುದು. 280ರ ಕೊನೆಯ ಆಕ್ಸಲ್‌ನ ಗಾಲಿಗಳೂ ಮುಂದಿನ ಗಾಲಿಗಳ ಹಾಗೆ ಎಡಬಲಕ್ಕೆ ತಿರುಗುತ್ತಿದ್ದವು. ಕೀಲು ಬಗ್ಗಿದಷ್ಟೂ ರಾಡುಗಳ ಮೂಲಕ ಅವು ತಿರುಗಿ, ಹಿಂದಿನ ತುಂಡು ಮುಂದಿನದರ ಜಾಡಿನಲ್ಲೇ ಬರುತ್ತಿತ್ತು. ಮೂಲೆಯ ಫುಟ್‌ಪಾತ್ ಮೇಲೆ ಗಾಲಿ ಹತ್ತುವುದಿಲ್ಲ. ಆದರೆ ಬಾಲ ಹೊರಗೆ ಬೀಸುತ್ತದೆ. ಶ್ಲೆಂಕಿ ಎಂಬ ಹೆಸರು ಸುಮ್ನೆ ಬಂದದ್ದಲ್ಲ.

ಎಂಜಿನ್ ನೆಲದಡಿ ಇಟ್ಟದ್ದಕ್ಕೆ ಬೆಲೆ ಕೊಟ್ಟವರು ಪ್ರಯಾಣಿಕರು. ನೆಲ ಎತ್ತರವಾಯಿತು. ಬಾಗಿಲಲ್ಲಿ ಮೆಟ್ಟಿಲು ಹತ್ತಬೇಕು. ವಯಸ್ಸಾದವರಿಗೆ, ಮಗು ಎತ್ತಿಕೊಂಡವರಿಗೆ ಕಷ್ಟ. ಗಾಲಿಕುರ್ಚಿಯವರಿಗಂತೂ ಆ ಬಸ್ಸು ಇಲ್ಲದ ಹಾಗೇ. ಸದ್ದು ನೇರ ಕಾಲಡಿಯಿಂದ. ರಿಪೇರಿಗೆ ಪಿಟ್‌ಗೆ ಇಳಿಯಬೇಕು, ಇಲ್ಲವೇ ನೆಲದ ಮುಚ್ಚಳ ತೆಗೆಯಬೇಕು. ಚಳಿಗಾಲದಲ್ಲಿ ರಸ್ತೆಯ ಕೆಸರು, ಹಿಮ, ಉಪ್ಪು ಎಲ್ಲ ಎಂಜಿನ್ ಮೇಲೇ. ಮುಂದೆ ತಗ್ಗು ನೆಲದ ಬಸ್ಸು ಬೇಕೆಂದು ಊರುಗಳು ಕೇಳತೊಡಗಿದಾಗ ಎಂಜಿನ್ನಿಗೆ ನೆಲದಡಿ ಜಾಗವೇ ಉಳಿಯಲಿಲ್ಲ. ಅದು ಹಿಂದಕ್ಕೆ ಹೋಗಲೇಬೇಕಾಯಿತು. ಅಷ್ಟು ಹೊತ್ತಿಗೆ ಕೀಲಿನ ಎಲೆಕ್ಟ್ರಾನಿಕ್ಸ್ ಕೂಡ ಸುಧಾರಿಸಿತ್ತು. ಎಳೆಯುವವರ ಬಣ ಸೋತದ್ದು ಮಡಚುವಿಕೆಯ ಲೆಕ್ಕದಲ್ಲಲ್ಲ, ಮೆಟ್ಟಿಲಿನ ಲೆಕ್ಕದಲ್ಲಿ. ಸೋವಿಯತ್ ಒಕ್ಕೂಟ ಒಡೆದು ಮಾರುಕಟ್ಟೆ ಹೋದದ್ದು ಬೇರೆ ಹೊಡೆತ.

ಬುಡಾಪೆಸ್ಟ್‌ನಲ್ಲಿ ಡೀಸೆಲ್ 280ಗಳು 2022ರ ಕೊನೆಗೆ ರಸ್ತೆ ಬಿಟ್ಟವು. ತಂತಿಯಿಂದ ಕರೆಂಟ್ ಪಡೆದು ಓಡುವ ಟ್ರಾಲಿಬಸ್ ರೂಪದ 280ಗಳು ಅದರ ನಂತರವೂ ಓಡುತ್ತಿದ್ದವು. ಅವುಗಳಲ್ಲಿ ಕಾಲಡಿ ಗುಡುಗುವ ಎಂಜಿನ್ ಇಲ್ಲ, ಬಸ್ಸು ಮಾತ್ರ ಅದೇ.

ಇನ್ನು ರಿವರ್ಸ್. ಟ್ರ್ಯಾಕ್ಟರ್ ಟ್ರೇಲರ್ ಹಿಂದಕ್ಕೆ ತೆಗೆದವರಿಗೆ ಗೊತ್ತು: ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಇಲ್ಲಿ ಅದರ ಮೇಲೆ ಹಿಂದಿನ ಗಾಲಿಗಳೂ ತಮ್ಮ ಪಾಡಿಗೆ ತಿರುಗುತ್ತವೆ. ಜೊತೆಗೆ, ರಿವರ್ಸ್‌ನಲ್ಲಿ ಎಳೆಯುವ ಬಸ್ಸು ತಳ್ಳುವ ಬಸ್ಸಾಗಿಬಿಡುತ್ತದೆ. ಅಲ್ಲಿ ನೀವು ಹೇಳಿದ ಮಡಚುವ ಭಯ ನೂರಕ್ಕೆ ನೂರು ನಿಜ. ಅದಕ್ಕೇ ಇಂಥ ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಮುಂದಕ್ಕೇ ಸುತ್ತಿ ಬರುವಷ್ಟು ಜಾಗ ಬೇಕು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಸಾಲು ಹೀಗಿರುತ್ತದೆ: ‘ಇಕಾರುಸ್ 280. ಎಂಜಿನ್ ಮುಂಭಾಗದ ನೆಲದಡಿ.’ ಅಚ್ಚಿಗೆ ಹೋಗುವ ಮೊದಲು ನಿಮಗೊಂದು ಪ್ರತಿ ಕಳಿಸುತ್ತೇನೆ, ಒಮ್ಮೆ ನೋಡಿಬಿಡಿ.

– ಸಂಪಾದಕ