ಬಾರ್ಕ್ಲಿ ಹೋಗಿದ್ದು ಯಾರ ತಪ್ಪು?

ನಿಮ್ಮ ಪತ್ರ ಓದಿದೆ. ದಾವಣಗೆರೆಯಿಂದ ನ್ಯೂಜೆರ್ಸಿಗೆ ಬಂದು ನಾಲ್ಕು ತಿಂಗಳಾಯ್ತು, ಕೆಲಸ ಚೆನ್ನಾಗಿದೆ, ಆದರೆ ಸೋಮವಾರ ಊಟದ ಹೊತ್ತಿಗೆ ಆಫೀಸಿನವರೆಲ್ಲ ಸೇಕ್ವಾನ್ ಬಾರ್ಕ್ಲಿ ಅನ್ನೋ ಅಮೆರಿಕನ್ ಫುಟ್‌ಬಾಲ್ ಆಟಗಾರನ ವಿಷಯಕ್ಕೆ ಜಗಳ ಆಡುತ್ತಾರೆ, ನಾನು ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಸುಮ್ನೆ ಕೂತಿರುತ್ತೇನೆ ಅಂತ ಬರೆದಿದ್ದೀರಿ. ಅವನು ತಂಡ ಬಿಟ್ಟು ವರ್ಷದ ಮೇಲಾಯ್ತಂತೆ, ಇನ್ನೂ ಯಾಕೆ ಈ ಜಗಳ, ಇದನ್ನೆಲ್ಲ ಕಲಿಯದೆ ಇಲ್ಲಿ ಬದುಕೋಕಾಗಲ್ವಾ ಅಂತ ಕೇಳಿದ್ದೀರಿ.

ಬದುಕಬಹುದು. ನಾನು ಎಂಟು ವರ್ಷ ಹಾಗೇ ಬದುಕಿದೆ. ಆ ಎಂಟು ವರ್ಷ ಪಕ್ಕದ ಮನೆಯವರ ಹೆಸರು ಬಿಟ್ಟರೆ ಅವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ನೀವು ಅಷ್ಟು ದಿನ ಕಾಯಬೇಡಿ.

ನಮ್ಮ ರಾಜ್ಯ ಈ ಆಟದಲ್ಲಿ ಎರಡು ಹೋಳು. ಉತ್ತರದವರು ನ್ಯೂಯಾರ್ಕ್ ಜೈಂಟ್ಸ್ ಕಡೆ. ಹೆಸರಲ್ಲಿ ನ್ಯೂಯಾರ್ಕ್ ಇದ್ದರೂ ಅವರ ಸ್ಟೇಡಿಯಂ ಇರುವುದು ನ್ಯೂಜೆರ್ಸಿಯ ಈಸ್ಟ್ ರದರ್‌ಫರ್ಡ್‌ನಲ್ಲಿ. ದಕ್ಷಿಣದವರು ಫಿಲಡೆಲ್ಫಿಯಾ ಈಗಲ್ಸ್ ಕಡೆ. ನಿಮ್ಮ ಆಫೀಸು ನಡುಮಧ್ಯೆ ಇದೆ, ಹಾಗಾಗಿ ಒಂದೇ ಮೇಜಿನ ಮೇಲೆ ಎರಡೂ ಕಡೆಯವರ ಊಟದ ಡಬ್ಬಿ. ಬಾರ್ಕ್ಲಿ ಜೈಂಟ್ಸ್ ಬಿಟ್ಟು ಹೋಗಿದ್ದು ಇದೇ ಈಗಲ್ಸ್‌ಗೆ. ಬೇರೆ ಎಲ್ಲಿಗಾದರೂ ಹೋಗಿದ್ದರೆ ಇಷ್ಟೊಂದು ಉರಿ ಇರುತ್ತಿರಲಿಲ್ಲ.

2022ರ ಹರಾಜಿಗೆ ಮುಂಚೆ ಆರ್‌ಸಿಬಿ ಚಹಲ್‌ನನ್ನು ಉಳಿಸಿಕೊಳ್ಳಲಿಲ್ಲ, ನೆನಪಿದೆಯಾ? ಅವನು ರಾಜಸ್ಥಾನಕ್ಕೆ ಹೋಗಿ ಅದೇ ವರ್ಷ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡಾಗ ನಮ್ಮ ಹೊಟ್ಟೆ ಹೇಗೆ ಉರಿಯಿತು? ಇದೂ ಅದೇ ಸಂಕಟ. ಇಲ್ಲಿ ಹರಾಜಿಲ್ಲ, ಅಷ್ಟೇ. ಒಪ್ಪಂದ ಮುಗಿದ ಆಟಗಾರ ಮಾರ್ಚ್‌ನಲ್ಲಿ ಫ್ರೀ ಏಜೆಂಟ್ ಆಗುತ್ತಾನೆ, ಕರೆದ ತಂಡಕ್ಕೆ ಹೋಗಬಹುದು. ಬಿಡಲು ಮನಸ್ಸಿಲ್ಲದ ತಂಡ ಫ್ರಾಂಚೈಸ್ ಟ್ಯಾಗ್ ಹಾಕಿ ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳಬಹುದು. ಎಲ್ಲ ತಂಡಕ್ಕೂ ಸಂಬಳದ ಮಿತಿ ಒಂದೇ. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ.

ಜಗಳದ ಬೇರು ಇರುವುದೇ ಈ ಮಿತಿಯಲ್ಲಿ. ಬಾರ್ಕ್ಲಿಯನ್ನು ಜೈಂಟ್ಸ್ 2018ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಎರಡನೇ ಆಯ್ಕೆಯಾಗಿ ತಂದರು. ಚೆಂಡು ಹಿಡಿದು ಓಡುವವನು. 2020ರಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡ, ಮತ್ತೆ ಎದ್ದ, 2022ರಲ್ಲಿ 1,312 ಗಜ ಓಡಿ ತಂಡವನ್ನು ಪ್ಲೇಆಫ್‌ಗೆ ಮುಟ್ಟಿಸಿದ. 2023ರ ಮಾರ್ಚ್‌ನಲ್ಲಿ ತಂಡ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್‌ಗೆ ನಾಲ್ಕು ವರ್ಷಕ್ಕೆ 16 ಕೋಟಿ ಡಾಲರ್ ಬರೆದುಕೊಟ್ಟಿತು. ಬಾರ್ಕ್ಲಿಗೆ ಸಿಕ್ಕಿದ್ದು ಟ್ಯಾಗ್, ಒಂದು ವರ್ಷಕ್ಕೆ ಸುಮಾರು ಒಂದು ಕೋಟಿ. ಮರುವರ್ಷ ಟ್ಯಾಗನ್ನೂ ಹಾಕಲಿಲ್ಲ. 2024ರ ಮಾರ್ಚ್‌ನಲ್ಲಿ ಈಗಲ್ಸ್ ಮೂರು ವರ್ಷಕ್ಕೆ 3.775 ಕೋಟಿ ಡಾಲರ್ ಕೊಟ್ಟು ಕರೆದುಕೊಂಡು ಹೋದರು.

ಆಮೇಲೆ ಶುರುವಾಯಿತು ನೋಡಿ. ಒಬ್ಬರು ಬಾರ್ಕ್ಲಿ ದುಡ್ಡಿಗೆ ಮಾರಿಕೊಂಡ ಅಂದರು. ಇನ್ನೊಬ್ಬರು ಜೈಂಟ್ಸ್‌ನ ಜನರಲ್ ಮ್ಯಾನೇಜರ್ ಜೋ ಶೇನ್ ಅನ್ನು ಬೈದರು. ಓಡುವವನನ್ನು ಎರಡನೇ ಆಯ್ಕೆಯಾಗಿ ತಂದಿದ್ದೇ ತಪ್ಪು ಅನ್ನುವವರೂ ಇದ್ದಾರೆ. ಸಹಮಾಲೀಕ ಜಾನ್ ಮಾರಾ, ಬಾರ್ಕ್ಲಿ ಫಿಲಡೆಲ್ಫಿಯಾಗೆ ಹೋದರೆ ನನಗೆ ನಿದ್ದೆ ಬರುವುದು ಕಷ್ಟ ಅಂತ ಶೇನ್‌ಗೆ ಹೇಳಿದ್ದು ಆ ಬೇಸಿಗೆಯಲ್ಲಿ ಟಿವಿಯಲ್ಲೇ ಬಂತು. ಅಷ್ಟು ಗೊತ್ತಿದ್ದ ಮಾಲೀಕ ಯಾಕೆ ತಡೆಯಲಿಲ್ಲ ಅಂತ ಆ ಕಡೆಗೂ ಬಾಣ ತಿರುಗಿತು. ಅದೇ ವರ್ಷ ಬಾರ್ಕ್ಲಿ 2,005 ಗಜ ಓಡಿದ. 2025ರ ಫೆಬ್ರವರಿ 9ರಂದು, ತನ್ನ 28ನೇ ಹುಟ್ಟುಹಬ್ಬದ ದಿನವೇ, ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ. ಆ ಸೀಸನ್‌ನಲ್ಲಿ ಜೈಂಟ್ಸ್ ಗೆದ್ದಿದ್ದು ಮೂರೇ ಪಂದ್ಯ. ಜೋನ್ಸ್‌ನನ್ನು ನವೆಂಬರ್‌ನಲ್ಲೇ ಕೈಬಿಟ್ಟಿದ್ದರು.

ನನ್ನನ್ನು ಕೇಳಿದರೆ, ತಪ್ಪಾಗಿದ್ದು 2024ರಲ್ಲಿ ಅಲ್ಲ, 2023ರಲ್ಲಿ. ಜೋನ್ಸ್‌ಗೆ ಸಹಿ ಹಾಕಿದ ದಿನವೇ ಬಾರ್ಕ್ಲಿ ಅರ್ಧ ಹೋಗಿಯಾಗಿತ್ತು. ಇನ್ನೊಂದು ಮಾತು. ಓಡುವವನಿಗೆ ಮುಂದೆ ನಿಂತು ದಾರಿ ಬಿಡಿಸಿಕೊಡುವ ಐದು ಜನ ಬೇಕು. ಈಗಲ್ಸ್‌ನಲ್ಲಿ ಆ ಐವರು ಗೋಡೆ ಇದ್ದ ಹಾಗಿದ್ದರು. ಜೈಂಟ್ಸ್‌ನಲ್ಲೇ ಉಳಿದಿದ್ದರೆ ಅವನಿಂದ ಆ 2,005 ಗಜ ಆಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತೆ. ಇದನ್ನು ಜೈಂಟ್ಸ್ ಅಭಿಮಾನಿಯ ಮುಂದೆ ಹೇಳಬೇಡಿ, ಇನ್ನೂ ಸ್ವಲ್ಪ ದಿನ.

ನಮ್ಮ ಪಕ್ಕದ ಮನೆಯ ಅಜ್ಜ ಬಸ್ ಡ್ರೈವರ್ ಆಗಿದ್ದವರು, ಹುಟ್ಟಿದಾಗಿನಿಂದ ಜೈಂಟ್ಸ್. ಸುದ್ದಿ ಬಂದ ಸಂಜೆ ನಾನು ಕಸದ ಡಬ್ಬಿ ಹೊರಗಿಡಲು ಹೋಗಿದ್ದೆ. ಅವರ ಗ್ಯಾರೇಜಿನ ಬಾಗಿಲು ತೆರೆದಿತ್ತು. ಬಾರ್ಕ್ಲಿಯ 26ನೇ ನಂಬರಿನ ನೀಲಿ ಅಂಗಿಯನ್ನು ಕಾರಿನ ಬಾನೆಟ್ ಮೇಲೆ ಹಾಸಿ, ತೋಳು ಒಳಗೆ ಮಡಿಸಿ, ಅಂಗೈಯಿಂದ ಸವರಿ ಸವರಿ ನೆರಿಗೆ ತೆಗೆಯುತ್ತಿದ್ದರು. ಆಮೇಲೆ ಪೇಂಟ್ ಡಬ್ಬಗಳ ಪಕ್ಕದ ಮೇಲಿನ ಹಲಗೆಯಲ್ಲಿ ಇಟ್ಟರು. ನನ್ನ ಕಡೆ ನೋಡಿ, ಹುಡುಗನದ್ದು ತಪ್ಪಿಲ್ಲ ಅಂದರು. ಅಕ್ಟೋಬರ್‌ನಲ್ಲಿ ಬಾರ್ಕ್ಲಿ ಇದೇ ಸ್ಟೇಡಿಯಂಗೆ ಬಂದು 176 ಗಜ ಓಡಿ, ಈಗಲ್ಸ್ 28-3ರಲ್ಲಿ ಗೆದ್ದ ದಿನ ಅವರ ಜೊತೆ ಕೂತು ನೋಡಿದೆ. ಅವನು ಓಡಿದಾಗಲೆಲ್ಲ ಅಜ್ಜ ಸೋಫಾದ ತುದಿಗೆ ಬರುತ್ತಿದ್ದರು. ಬೇಡ ಅನ್ನುವುದೋ ಓಡು ಅನ್ನುವುದೋ ಅವರಿಗೇ ತಿಳಿಯುತ್ತಿರಲಿಲ್ಲ.

ನನಗೆ ಅವತ್ತು ನಮ್ಮಪ್ಪನ ನೆನಪಾಯ್ತು. ನಾನು ಊರು ಬಿಟ್ಟಾಗ ಮನೆಯಲ್ಲಿ ಇದೇ ಪಂಚಾಯ್ತಿ. ದುಡ್ಡಿನ ಆಸೆ ಅಂದರು ದೊಡ್ಡಪ್ಪ. ಬೆಂಗಳೂರಿನ ಕಂಪನಿಯವರು ಸರಿಯಾಗಿ ಸಂಬಳ ಕೊಟ್ಟಿದ್ದರೆ ಇರುತ್ತಿದ್ದ ಅಂದರು ಅತ್ತೆ. ಅಮ್ಮ ಓದಿಸಿದ ಅಪ್ಪನನ್ನೇ ಬೈದರು. ಅಪ್ಪ ಏನೂ ಅನ್ನಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪೆಟ್ಟಿಗೆಯ ಹಗ್ಗ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಟ್ಟರು. ನಿಮ್ಮ ಮನೆಯಲ್ಲೂ ಇಂಥದ್ದೊಂದು ನಡೆದಿರುತ್ತೆ ಅಲ್ವಾ?

ಅದಕ್ಕೇ ಹೇಳುತ್ತೇನೆ, ಆಟದ ನಿಯಮ ಪೂರ್ತಿ ಬರದಿದ್ದರೂ ಆ ಮೇಜಿನ ಮಾತು ನಿಮಗೆ ಅರ್ಥವಾಗುತ್ತದೆ. ಯಾರ ತಪ್ಪು ಅಂತ ತೀರ್ಪು ಕೊಡಲು ಹೋಗಬೇಡಿ. ಮೊದಲ ಪಂದ್ಯಕ್ಕೆ ನಿಮ್ಮನ್ನು ಕರೆದುಕೊಂಡು ಹೋದವರು ಯಾರು ಅಂತ ಕೇಳಿ. ಅಪ್ಪ, ಅಜ್ಜ, ಚಳಿ, ಪಾರ್ಕಿಂಗ್‌ನಲ್ಲಿ ಸುಟ್ಟ ಮಾಂಸದ ವಾಸನೆ, ಎಲ್ಲ ಹೊರಗೆ ಬರುತ್ತದೆ. ಆಮೇಲೆ ಚಹಲ್ ಕತೆ ನೀವು ಹೇಳಿ.

ಮುಂದಿನ ಭಾನುವಾರ ಬಿಡುವಿದ್ದರೆ ನಮ್ಮ ಮನೆಗೆ ಬನ್ನಿ. ಪಂದ್ಯ ಒಂದು ಗಂಟೆಗೆ, ನೀವು ಹನ್ನೆರಡಕ್ಕೇ ಬಂದರೆ ಊಟ ಮುಗಿಸಬಹುದು. ಪಕ್ಕದ ಮನೆಯ ಅಜ್ಜನೂ ಬರುತ್ತಾರೆ. ನಮ್ಮಾಕೆ ಮಾಡುವ ಪುಳಿಯೋಗರೆ ಅವರಿಗೆ ಇಷ್ಟ, ಕಡಲೆಬೀಜ ಮಾತ್ರ ಆರಿಸಿ ಮೊದಲು ತಿನ್ನುತ್ತಾರೆ. ಅವರ ಎದುರು ಹಸಿರು ಅಂಗಿ ಹಾಕಿಕೊಂಡು ಬರಬೇಡಿ, ಅದು ಈಗಲ್ಸ್ ಬಣ್ಣ.