ಟರ್ಮಿನಲ್ ಕಟ್ಟೆ: ಪಾಡ್ ಬಿತ್ತು, ಡಿಸ್ಕ್ ತುಂಬಿತು, ಕಿಟಕಿ ತಪ್ಪಿತು

ಈ ಸಲ ಬಂದ ಪತ್ರಗಳಲ್ಲಿ ಕಂಟೇನರ್ ಮತ್ತು ಕುಬರ್ನೆಟಿಸ್ ಬಗ್ಗೆ ಕೇಳಿದವರೇ ಜಾಸ್ತಿ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಆಜ್ಞೆಗಳನ್ನು ಎಂದಿನಂತೆ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿಕೊಳ್ಳಿ.

ಪ್ರಶ್ನೆ: ಮೇಡಂ, ನನ್ನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಊರಿಗೆ ಬಂದಾಗಲೂ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತೆ. ‘ಪಾಡ್ ಬಿದ್ದಿದೆ ಅಪ್ಪಾ’ ಅಂತ ಊಟ ಬಿಟ್ಟು ಲ್ಯಾಪ್‌ಟಾಪ್ ತೆಗೀತಾಳೆ. ಬೀಳೋದು ಏನು? ಎಲ್ಲಿಂದ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, ಬೀಳೋದು ಒಂದು ಪ್ರೋಗ್ರಾಂ, ಅಷ್ಟೇ. ಪ್ರೋಗ್ರಾಂ ಜೊತೆಗೆ ಅದಕ್ಕೆ ಬೇಕಾದ ಫೈಲುಗಳನ್ನೆಲ್ಲ ಸೇರಿಸಿ, ಉಳಿದವುಗಳಿಂದ ಬೇರೆಯಾಗಿಟ್ಟು ಓಡಿಸಿದರೆ ಅದು ಕಂಟೇನರ್. ಲಿನಕ್ಸ್ ಒಳಗೆ ಇದಕ್ಕೆ ಬೇಕಾದ ಸೌಲಭ್ಯ ಮೊದಲೇ ಇತ್ತು. 2013ರಲ್ಲಿ ಡಾಕರ್ ಅನ್ನುವ ಸಲಕರಣೆ ಬಂದ ಮೇಲೆ ಎಲ್ಲರ ಕೈಗೂ ಸಿಕ್ಕಿತು. ಒಂದೆರಡು ಕಂಟೇನರ್ ಆದರೆ ಒಬ್ಬರೇ ನೋಡಿಕೊಳ್ಳಬಹುದು. ಹತ್ತಾರು ಯಂತ್ರಗಳಲ್ಲಿ ನೂರಾರು ಓಡುತ್ತಿದ್ದರೆ? ಅದಕ್ಕೆ ಗೂಗಲ್‌ನವರು 2014ರಲ್ಲಿ ಕುಬರ್ನೆಟಿಸ್ ಅನ್ನು ಓಪನ್ ಸೋರ್ಸ್ ಆಗಿ ಹೊರಬಿಟ್ಟರು. ಅದು ನೋಡಿಕೊಳ್ಳುವ ಯಂತ್ರಗಳ ಗುಂಪಿಗೆ ಕ್ಲಸ್ಟರ್ ಅಂತ ಹೆಸರು. ಅದು ಎಣಿಸುವ ಅತಿ ಸಣ್ಣ ಘಟಕವೇ ಪಾಡ್. ಒಂದು ಪಾಡ್ ಒಳಗೆ ಒಂದೋ ಎರಡೋ ಕಂಟೇನರ್ ಇರುತ್ತವೆ.

ಮದುವೆ ಮನೆಯಲ್ಲಿ ‘ಈ ಪಂಕ್ತಿಗೆ ಐದು ಜನ ಬಡಿಸಬೇಕು’ ಅಂತ ಅಡುಗೆಯವರಿಗೆ ಹೇಳಿಬಿಟ್ಟರೆ, ಒಬ್ಬ ಕೈಕೊಟ್ಟರೂ ಅವರೇ ಇನ್ನೊಬ್ಬನನ್ನು ನಿಲ್ಲಿಸುತ್ತಾರೆ ಅಲ್ವಾ? ಕುಬರ್ನೆಟಿಸ್ ಮಾಡುವುದೂ ಅದನ್ನೇ. ಹಾಗಾದರೆ ಮಗಳಿಗೆ ಯಾಕೆ ಫೋನ್ ಅಂತೀರಾ? ಮತ್ತೆ ಎಬ್ಬಿಸಿದರೂ ಮತ್ತೆ ಬಿದ್ದರೆ ಕಷ್ಟ. ಆಗ ಅದು ಮೊದಲು 10 ಸೆಕೆಂಡ್ ಕಾದು ಎಬ್ಬಿಸುತ್ತದೆ, ಆಮೇಲೆ 20, ಆಮೇಲೆ 40. ಹೀಗೆ ದುಪ್ಪಟ್ಟಾಗುತ್ತಾ 5 ನಿಮಿಷಕ್ಕೆ ಹೋಗಿ ನಿಲ್ಲುತ್ತದೆ. ಪರದೆ ಮೇಲೆ ‘ಕ್ರ್ಯಾಶ್‌ಲೂಪ್‌ಬ್ಯಾಕಾಫ್’ ಅಂತ ಕಾಣುತ್ತದೆ. ಈಗ ಎದ್ದಿರುವ ಕಂಟೇನರನ್ನು ವಿಚಾರಿಸಿ ಪ್ರಯೋಜನವಿಲ್ಲ, ಅದಿನ್ನೂ ಕಣ್ಣೇ ಬಿಟ್ಟಿರುವುದಿಲ್ಲ. ಬಿದ್ದುಹೋದದ್ದು ಕೊನೆಗೆ ಏನು ಹೇಳಿತು ಅಂತ ಅದರ ಲಾಗ್‌ನಲ್ಲಿ, ಅಂದರೆ ಅದು ಬರೆದಿಟ್ಟ ದಿನಚರಿಯಲ್ಲಿ, ನೋಡಬೇಕು. ಕುಬರ್ನೆಟಿಸ್ ಜೊತೆ ಮಾತಾಡುವ ಆಜ್ಞೆಯೇ ಕ್ಯೂಬ್‌ಸಿಟಿಎಲ್: ‘ಕ್ಯೂಬ್‌ಸಿಟಿಎಲ್ ಲಾಗ್ಸ್ --ಪ್ರೀವಿಯಸ್’. ಮುಂದಿನ ಸಲ ಫೋನ್ ಬಂದಾಗ ‘ಪ್ರೀವಿಯಸ್ ಲಾಗ್ ನೋಡಿದೆಯೇನಮ್ಮಾ?’ ಅಂತ ಕೇಳಿ ನೋಡಿ, ಮಗಳ ಮುಖ ನೋಡಬೇಕು ಆಗ!

ಪ್ರಶ್ನೆ: ಮೊದಲ ಕೆಲಸಕ್ಕೆ ಸೇರಿದ್ದೇನೆ. ಪ್ರಯೋಗಕ್ಕಿರುವ ಟೆಸ್ಟ್ ಕ್ಲಸ್ಟರ್, ಗ್ರಾಹಕರು ಬಳಸುವ ಪ್ರೊಡಕ್ಷನ್ ಕ್ಲಸ್ಟರ್ ಎರಡಕ್ಕೂ ನನ್ನ ಲ್ಯಾಪ್‌ಟಾಪಿನಿಂದಲೇ ಹೋಗಬಹುದು. ಟೆಸ್ಟ್ ಅಂದುಕೊಂಡು ಪ್ರೊಡಕ್ಷನ್‌ನಲ್ಲಿ ಏನಾದರೂ ಅಳಿಸಿಬಿಟ್ಟರೆ ಅನ್ನೋ ಭಯ. ಸೀನಿಯರ್ ಒಬ್ಬರು ‘ಕ್ಯೂಬ್‌ಸಿಟಿಎಕ್ಸ್ ಹಾಕಿಕೋ, ಸಾಕು’ ಅಂದರು. ಸಾಕಾ?
— ಎಂಜಿನಿಯರ್, ಬೆಂಗಳೂರು

ಉತ್ತರ: ಸಾಲದು. ಭಯ ಇದೆ ಅಂದಿರಲ್ಲ, ಅದನ್ನು ಹಾಗೇ ಇಟ್ಟುಕೊಳ್ಳಿ.

ಕ್ಯೂಬ್‌ಸಿಟಿಎಕ್ಸ್ ಒಳ್ಳೆಯ ಸಲಕರಣೆಯೇ. ಮೊದಲು ಬರೀ ಬ್ಯಾಷ್ ಸ್ಕ್ರಿಪ್ಟ್ ಆಗಿತ್ತು, ಆಮೇಲೆ ಗೋ ಭಾಷೆಯಲ್ಲಿ ಮತ್ತೆ ಬರೆದರು. ಹೆಸರು ಕೊಟ್ಟರೆ ಆ ಕ್ಲಸ್ಟರಿಗೆ ಹೋಗುತ್ತದೆ, ಬರೀ ಒಂದು ಅಡ್ಡಗೆರೆ ಕೊಟ್ಟರೆ ಹಿಂದಿನದಕ್ಕೆ ವಾಪಸ್ ಬರುತ್ತದೆ. ಎಫ್‌ಜೆಡ್‌ಎಫ್ ಕೂಡ ಹಾಕಿಕೊಂಡರೆ ಪಟ್ಟಿಯಿಂದಲೇ ಆರಿಸಬಹುದು. ಜೊತೆಗಿರುವ ಕ್ಯೂಬೆನ್‌ಎಸ್ ನೇಮ್‌ಸ್ಪೇಸ್, ಅಂದರೆ ಕ್ಲಸ್ಟರ್ ಒಳಗಿನ ವಿಭಾಗ, ಬದಲಿಸುತ್ತದೆ. ಆದರೆ ಅದು ಒಳಗೆ ಮಾಡುವ ಕೆಲಸ ಏನು ಅಂತ ತಿಳಿದಿರಬೇಕು. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ‘ಕ್ಯೂಬ್’ ಅನ್ನುವ ಅಡಗಿದ ಫೋಲ್ಡರ್ ಇದೆ. ಅದರೊಳಗೆ ‘ಕಾನ್ಫಿಗ್’ ಅಂತ ಒಂದು ಫೈಲ್. ಅದರಲ್ಲಿ ‘ಕರೆಂಟ್-ಕಾಂಟೆಕ್ಸ್ಟ್’ ಅನ್ನುವ ಒಂದು ಸಾಲು, ಆಜ್ಞೆ ಯಾವ ಕ್ಲಸ್ಟರಿಗೆ ಹೋಗಬೇಕು ಅಂತ ಹೇಳುವುದು ಅದೇ. ಆ ಸಾಲನ್ನು ತಿದ್ದುತ್ತದೆ, ಅಷ್ಟೇ.

ಫೈಲ್ ಒಂದೇ, ಕಿಟಕಿ ಹಲವು. ತೊಂದರೆ ಇರುವುದು ಇಲ್ಲೇ. ಎಡಗಡೆ ಒಂದು ಟರ್ಮಿನಲ್ ತೆರೆದಿದ್ದೀರಿ, ಟೆಸ್ಟ್‌ನಲ್ಲಿದ್ದೀರಿ. ಬಲಗಡೆ ಇನ್ನೊಂದು ತೆರೆದು ಪ್ರೊಡಕ್ಷನ್‌ಗೆ ಬದಲಿಸಿ ಲಾಗ್ ನೋಡುತ್ತೀರಿ. ಆ ಕ್ಷಣದಿಂದ ಎಡಗಡೆಯದೂ ಪ್ರೊಡಕ್ಷನ್! ನೀವು ಅಲ್ಲಿ ಏನೂ ಮುಟ್ಟಿರುವುದಿಲ್ಲ.

‘ನನ್ನ ಪ್ರಾಂಪ್ಟ್‌ನಲ್ಲಿ ಕ್ಲಸ್ಟರ್ ಹೆಸರು ಕಾಣುತ್ತೆ, ನಾನು ಕ್ಯೂಬ್-ಪಿಎಸ್1 ಹಾಕಿದ್ದೀನಿ’ ಅನ್ನಬಹುದು. ಹಾಕಿ, ನಾನೂ ಹಾಕಿದ್ದೇನೆ. ಆದರೆ ಶೆಲ್ (ಟರ್ಮಿನಲ್‌ನಲ್ಲಿ ಆಜ್ಞೆ ಓದಿ ಓಡಿಸುವ ಪ್ರೋಗ್ರಾಂ) ಪ್ರಾಂಪ್ಟನ್ನು, ಅಂದರೆ ಆಜ್ಞೆಗೆ ಮುಂಚೆ ಕಾಣುವ ಬರಹವನ್ನು, ಬರೆಯುವುದು ಹಿಂದಿನ ಆಜ್ಞೆ ಮುಗಿದಾಗ ಒಂದು ಸಲ. ಆಮೇಲೆ ನೀವು ಎಂಟರ್ ಒತ್ತುವ ತನಕ ಅದು ಪರದೆ ಮೇಲೆ ಹಾಗೇ ಕೂತಿರುತ್ತದೆ. ಎಡಗಡೆ ಕಿಟಕಿಯಲ್ಲಿ ಹತ್ತು ನಿಮಿಷದ ಹಿಂದೆ ಬರೆದ ‘ಟೆಸ್ಟ್’ ಅನ್ನುವ ಹೆಸರು ಇನ್ನೂ ಕಾಣುತ್ತಿರುತ್ತದೆ. ಅದರ ಮುಂದೆ ‘ಡಿಲೀಟ್’ ಟೈಪ್ ಮಾಡಿ ಎಂಟರ್ ಒತ್ತಿದರೆ ಹೋಗುವುದು ಪ್ರೊಡಕ್ಷನ್‌ಗೆ. ನಾನು ಕಂಡ ಅವಘಡಗಳಲ್ಲಿ ಇಂಥವೇ ಜಾಸ್ತಿ. ಅಳಿಸಿದವರು ಯಾರೂ ಬೇಜವಾಬ್ದಾರಿಯವರಲ್ಲ, ಎಲ್ಲರೂ ಪ್ರಾಂಪ್ಟ್ ನೋಡಿಯೇ ಒತ್ತಿದ್ದರು.

ದಾರಿ ಇದೆ. ಪ್ರತಿ ಕ್ಲಸ್ಟರಿಗೂ ಬೇರೆ ಕಾನ್ಫಿಗ್ ಫೈಲ್ ಇಡಿ. ಕಿಟಕಿ ತೆರೆದ ಕೂಡಲೇ ‘ಕ್ಯೂಬ್‌ಕಾನ್ಫಿಗ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು ಎಕ್ಸ್‌ಪೋರ್ಟ್ ಮಾಡಿ ಆ ಫೈಲಿಗೆ ತಿರುಗಿಸಿ. ವೇರಿಯಬಲ್ ಆ ಕಿಟಕಿಗೆ ಮಾತ್ರ ಸೇರಿದ್ದು, ಪಕ್ಕದ ಕಿಟಕಿ ಏನೇ ಮಾಡಿಕೊಂಡರೂ ಇದಕ್ಕೆ ತಾಗುವುದಿಲ್ಲ. ಇದನ್ನೇ ಸಲೀಸಾಗಿ ಮಾಡಿಕೊಡಲು ಕ್ಯೂಬಿ ಅನ್ನುವ ಓಪನ್ ಸೋರ್ಸ್ ಸಲಕರಣೆ ಇದೆ. ಅದು ಪ್ರತಿ ಸಲ ಒಂದು ಹೊಸ ಶೆಲ್ ತೆರೆದು, ಆ ಶೆಲ್ಲಿಗೆ ಮಾತ್ರ ಕ್ಲಸ್ಟರ್ ಕಟ್ಟಿಹಾಕುತ್ತದೆ. ನನ್ನ ಯಂತ್ರದಲ್ಲಿ ಪ್ರೊಡಕ್ಷನ್ ಕಿಟಕಿಯ ಹಿನ್ನೆಲೆ ಕಡು ಕೆಂಪು. ನೋಡಲು ಚೆನ್ನಾಗಿಲ್ಲ, ಕಣ್ಣು ಉರಿಯುತ್ತದೆ. ಅದಕ್ಕೇ ಅಲ್ಲಿ ಜಾಸ್ತಿ ಹೊತ್ತು ಕೂರುವುದಿಲ್ಲ.

ಸ್ಕ್ರಿಪ್ಟ್ ಬರೆಯುವಾಗ ಈಗಿರುವ ಕಾಂಟೆಕ್ಸ್ಟ್ ನಂಬಬೇಡಿ. ಪ್ರತಿ ಸಾಲಿನಲ್ಲೂ ‘--ಕಾಂಟೆಕ್ಸ್ಟ್’ ಹೆಸರು ಹಾಕಿ. ಬದಲಾವಣೆ ಜಾರಿ ಮಾಡುವ ‘ಅಪ್ಲೈ’ಗೆ ಮುಂಚೆ ‘ಕ್ಯೂಬ್‌ಸಿಟಿಎಲ್ ಡಿಫ್’ ಓಡಿಸಿ, ಏನು ಬದಲಾಗುತ್ತದೆ ಅಂತ ಮೊದಲೇ ತೋರಿಸುತ್ತದೆ. ಇನ್ನೊಂದು ಮಾತು. ಹೊಸದಾಗಿ ಸೇರಿದವರಿಗೆ ಪ್ರೊಡಕ್ಷನ್‌ನಲ್ಲಿ ಅಳಿಸುವ ಅಧಿಕಾರ ಯಾಕೆ ಕೊಟ್ಟಿದ್ದಾರೆ? ಕುಬರ್ನೆಟಿಸ್ ಜೊತೆಗೇ ‘ವ್ಯೂ’ ಅನ್ನುವ ರೋಲ್ ಬರುತ್ತದೆ. ನೋಡಬಹುದು, ಮುಟ್ಟುವ ಹಾಗಿಲ್ಲ, ಪಾಸ್‌ವರ್ಡ್‌ನಂಥ ಸೀಕ್ರೆಟ್‌ಗಳು ಕಾಣುವುದೂ ಇಲ್ಲ. ಅದನ್ನು ಕೇಳಿ ಪಡೆಯಿರಿ. ಅಧಿಕಾರ ಕಡಿಮೆ ಮಾಡಿ ಅಂತ ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ.

ಪ್ರಶ್ನೆ: ನಂದು 8 ಜಿಬಿ ರ್‍ಯಾಮ್ ಇರುವ ಹಳೇ ಲ್ಯಾಪ್‌ಟಾಪ್. ಕುಬರ್ನೆಟಿಸ್ ಕಲಿಯಲು ಕ್ಲೌಡ್‌ಗೆ ದುಡ್ಡು ಕಟ್ಟಲೇಬೇಕಾ?
— ಬಿಸಿಎ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಬೇಡವೇ ಬೇಡ. ಲಿನಕ್ಸ್ ಹಾಕಿ, ಡಾಕರ್ ಎಂಜಿನ್ ಹಾಕಿ, ಅದರ ಮೇಲೆ ಕೈಂಡ್ ಅನ್ನುವ ಸಲಕರಣೆ ಹಾಕಿ. ಒಂದೊಂದು ಡಾಕರ್ ಕಂಟೇನರನ್ನೇ ಒಂದೊಂದು ‘ನೋಡ್’, ಅಂದರೆ ಕ್ಲಸ್ಟರಿನ ಯಂತ್ರ, ಮಾಡಿ ಅದು ಕ್ಲಸ್ಟರ್ ಕಟ್ಟುತ್ತದೆ. ಕಲಿತಾದ ಮೇಲೆ ‘ಕೈಂಡ್ ಡಿಲೀಟ್ ಕ್ಲಸ್ಟರ್’ ಅಂದರೆ ಹೋಯಿತು. ಮನೆಯಲ್ಲಿ ಬಳಸದೆ ಬಿದ್ದಿರುವ ಇನ್ನೊಂದು ಯಂತ್ರವಿದ್ದರೆ ಕೆ3ಎಸ್ ಅನ್ನುವ ಹಗುರ ಕುಬರ್ನೆಟಿಸ್ ಹಾಕಬಹುದು, ಅದು ಒಂದೇ ಬೈನರಿ, ಅಂದರೆ ಒಂದೇ ಪ್ರೋಗ್ರಾಂ ಫೈಲ್. ಒಂದೇ ನೋಡ್ ಸಾಕು, ಮೂರು ಬೇಡ. ಬ್ರೌಸರ್ ಮುಚ್ಚಿಡಿ, ರ್‍ಯಾಮ್ ತಿನ್ನುವುದು ಅದೇ.

ಪ್ರಶ್ನೆ: ನಮ್ಮ ಕಚೇರಿ ಸರ್ವರ್‌ನಲ್ಲಿ ಡಾಕರ್ ಇದೆ. ತಿಂಗಳಿಗೊಮ್ಮೆ ಡಿಸ್ಕ್ ತುಂಬಿ ಎಲ್ಲ ನಿಂತುಹೋಗುತ್ತೆ. ಬೇಡದ್ದನ್ನು ಅಳಿಸುವ ‘ಡಾಕರ್ ಸಿಸ್ಟಮ್ ಪ್ರೂನ್’ ಹೊಡೆದರೂ ಜಾಗ ಅಷ್ಟಾಗಿ ಬರಲ್ಲ. ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ಕ್ರಾನ್‌ನಲ್ಲಿ ‘-ಎ’ ಮತ್ತು ‘--ವಾಲ್ಯೂಮ್ಸ್’ ಎರಡೂ ಸೇರಿಸಿ ದಿನಾ ಓಡಿಸಲಾ?
— ಸಿಸ್ಟಮ್ ಅಡ್ಮಿನ್, ದಾವಣಗೆರೆ

ಉತ್ತರ: ಅಯ್ಯೋ, ಬೇಡ! ಆ ಕ್ರಾನ್ ಸಾಲನ್ನು ಬರೆದಿದ್ದರೆ ಈಗಲೇ ತೆಗೆಯಿರಿ, ಆಮೇಲೆ ಓದಿ. ಪ್ರೂನ್ ನಿಂತಿರುವ ಕಂಟೇನರ್‌ಗಳನ್ನೆಲ್ಲ ಅಳಿಸುತ್ತದೆ. ‘ನಾಳೆ ಮತ್ತೆ ಎಬ್ಬಿಸೋಣ’ ಅಂತ ನಿಲ್ಲಿಸಿಟ್ಟದ್ದೂ ಹೋಗುತ್ತದೆ. ‘-ಎ’ ಸೇರಿಸಿದರೆ ಯಾವ ಕಂಟೇನರೂ ಬಳಸದ ಇಮೇಜ್‌ಗಳೆಲ್ಲ (ಕಂಟೇನರ್ ಹುಟ್ಟುವ ಅಚ್ಚುಗಳು) ಹೋಗುತ್ತವೆ. ‘--ವಾಲ್ಯೂಮ್ಸ್’ ಸೇರಿಸಿದರೆ ಕಂಟೇನರ್‌ಗಳು ಡೇಟಾ ಇಡುವ ಜಾಗಕ್ಕೇ ಕೈ ಹಾಕಿದ ಹಾಗೆ. ಯಾವ ವಾಲ್ಯೂಮ್ ಅಳಿಯುತ್ತದೆ, ಯಾವುದು ಉಳಿಯುತ್ತದೆ ಅನ್ನುವುದು ಡಾಕರ್‌ನ ಹಳೇ ಆವೃತ್ತಿ, ಹೊಸ ಆವೃತ್ತಿಗೆ ತಕ್ಕಂತೆ ಬೇರೆ. ಡೇಟಾಬೇಸ್ ಇರುವ ಸರ್ವರ್‌ನಲ್ಲಿ ಆ ಜೂಜು ಯಾಕೆ?

ಮೊದಲು ‘ಡಾಕರ್ ಸಿಸ್ಟಮ್ ಡಿಎಫ್’ ನೋಡಿ. ಇಮೇಜ್, ಕಂಟೇನರ್, ವಾಲ್ಯೂಮ್, ಬಿಲ್ಡ್ ಕ್ಯಾಶೆ ಎಷ್ಟೆಷ್ಟು ತಿಂದಿವೆ ಅಂತ ಹೇಳುತ್ತದೆ. ಅಲ್ಲಿ ಲೆಕ್ಕ ತಾಳೆಯಾಗದಿದ್ದರೆ ನನ್ನ ಅನುಮಾನ ಲಾಗ್ ಮೇಲೆ. ಡಾಕರ್ ಮಾಮೂಲಾಗಿ ಬಳಸುವ ‘ಜೇಸನ್-ಫೈಲ್’ ಲಾಗಿಗೆ ಮಿತಿಯೇ ಇಲ್ಲ. ಕಂಟೇನರ್ ಮಾತಾಡಿದಷ್ಟೂ ಫೈಲ್ ಬೆಳೆಯುತ್ತದೆ. ‘ವಾರ್/ಲಿಬ್/ಡಾಕರ್/ಕಂಟೇನರ್ಸ್’ ಒಳಗೆ ‘ಡಿಯು’ ಓಡಿಸಿ ನೋಡಿ, ಯಾವುದೋ ಒಂದು ಫೈಲ್ ಜಿಬಿಗಟ್ಟಲೆ ಊದಿಕೊಂಡಿರುತ್ತದೆ. ಹಾಗಂತ ‘ಆರ್‌ಎಂ’ ಹೊಡೆಯಬೇಡಿ. ಹೆಸರು ಮಾಯವಾಗುತ್ತದೆ, ಜಾಗ ಮಾತ್ರ ಬರುವುದಿಲ್ಲ. ಡಾಕರ್ ಇನ್ನೂ ಆ ಫೈಲನ್ನು ತೆರೆದು ಹಿಡಿದುಕೊಂಡಿರುತ್ತದೆ. ಫೈಲನ್ನು ಖಾಲಿ ಮಾಡುವ ‘ಟ್ರಂಕೇಟ್ -ಎಸ್ 0’ ಮಾಡಿ, ಜಾಗ ತಕ್ಷಣ ಬಿಡುತ್ತದೆ.

ಇದು ಇವತ್ತಿನ ಮಟ್ಟಿಗೆ. ನಾಳೆಗೆ ‘ಡೀಮನ್.ಜೇಸನ್’ ಫೈಲಿನಲ್ಲಿ ಲಾಗ್ ಆಪ್ಷನ್ ಕೆಳಗೆ ‘ಮ್ಯಾಕ್ಸ್-ಸೈಜ್’ 10 ಎಂಬಿ, ‘ಮ್ಯಾಕ್ಸ್-ಫೈಲ್’ 3 ಅಂತ ಹಾಕಿ ಡಾಕರ್ ಮರುಶುರು ಮಾಡಿ. ಹಳೇ ಕಂಟೇನರ್‌ಗಳಿಗೆ ಇದು ಅನ್ವಯ ಆಗುವುದಿಲ್ಲ, ಅವನ್ನು ತೆಗೆದು ಮತ್ತೆ ಕಟ್ಟಬೇಕು. ಹಲವರು ಈ ಹೆಜ್ಜೆ ಬಿಟ್ಟು, ಮುಂದಿನ ತಿಂಗಳು ಮತ್ತೆ ಇದೇ ಪತ್ರ ಬರೆಯುತ್ತಾರೆ.

ಪ್ರಶ್ನೆ: ನನ್ನ ಕಂಟೇನರ್ ನಿಲ್ಲಿಸಲು ಪ್ರತಿ ಸಲ ಸರಿಯಾಗಿ ಹತ್ತು ಸೆಕೆಂಡ್ ಹಿಡಿಯುತ್ತದೆ. ಅದೇ ಇಮೇಜ್ ಕುಬರ್ನೆಟಿಸ್‌ನಲ್ಲಿ ಮೂವತ್ತು ಸೆಕೆಂಡ್. ಪ್ರೋಗ್ರಾಂ ಮಾತ್ರ ಕಂಟ್ರೋಲ್-ಸಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲುತ್ತದೆ. ಎಲ್ಲಿ ಹೋಯಿತು ಆ ಸಮಯ?
— ಕನ್ನಡಿಗರು, ನ್ಯೂಜೆರ್ಸಿ

ಉತ್ತರ: ಆ ಹತ್ತು ಮತ್ತು ಮೂವತ್ತೇ ಕಳ್ಳನನ್ನು ಹಿಡಿದುಕೊಡುತ್ತವೆ. ‘ಡಾಕರ್ ಸ್ಟಾಪ್’ ಅಂದಾಗ ಮೊದಲು ‘ಸಿಗ್‌ಟರ್ಮ್’ ಹೋಗುತ್ತದೆ, ಅಂದರೆ ‘ಸಾಮಾನು ಎತ್ತಿಟ್ಟು ಹೊರಡಿ’ ಅನ್ನುವ ಸೂಚನೆ. 10 ಸೆಕೆಂಡ್ ಕಾದರೂ ಹೊರಡದಿದ್ದರೆ ‘ಸಿಗ್‌ಕಿಲ್’, ಅಂದರೆ ಬಲವಂತವಾಗಿ ನಿಲ್ಲಿಸುವುದು. ಕುಬರ್ನೆಟಿಸ್ ಮಾಮೂಲಾಗಿ 30 ಸೆಕೆಂಡ್ ಕಾಯುತ್ತದೆ. ನಿಮ್ಮ ಪ್ರೋಗ್ರಾಂಗೆ ಮೊದಲ ಸೂಚನೆ ತಲುಪುತ್ತಲೇ ಇಲ್ಲ. ಪ್ರೋಗ್ರಾಂ ನಿಂತಾಗ ಬಿಟ್ಟುಹೋಗುವ ಎಕ್ಸಿಟ್ ಕೋಡ್ ನೋಡಿ, 137 ಇರುತ್ತದೆ: 128ಕ್ಕೆ ಸಿಗ್‌ಕಿಲ್‌ನ 9 ಕೂಡಿಸಿದ್ದು.

ನಿಮ್ಮ ಎಂಟ್ರಿಪಾಯಿಂಟ್, ಅಂದರೆ ಕಂಟೇನರ್ ಎದ್ದಾಗ ಮೊದಲು ಓಡುವುದು, ಒಂದು ಶೆಲ್ ಸ್ಕ್ರಿಪ್ಟ್ ಅಂತ ನನ್ನ ಊಹೆ. ಎರಡು ವೇರಿಯಬಲ್ ಹೊಂದಿಸಿ, ಕೊನೆ ಸಾಲಿನಲ್ಲಿ ಪ್ರೋಗ್ರಾಂ ಶುರು ಮಾಡುವಂಥದ್ದು. ಹಾಗಿದ್ದರೆ ಕಂಟೇನರ್ ಒಳಗೆ ಒಂದನೇ ನಂಬರ್ ಪ್ರೊಸೆಸ್ ಶೆಲ್, ನಿಮ್ಮ ಪ್ರೋಗ್ರಾಂ ಅದರ ಮಗು. ಸೂಚನೆ ಬರುವುದು ಒಂದನೇ ನಂಬರಿಗೆ. ಶೆಲ್ ಅದನ್ನು ಮಗುವಿಗೆ ದಾಟಿಸುವುದಿಲ್ಲ. ತಾನೂ ಸಾಯುವುದಿಲ್ಲ, ಯಾಕೆಂದರೆ ಒಂದನೇ ನಂಬರ್ ಪ್ರೊಸೆಸ್ ತಾನಾಗಿ ಹ್ಯಾಂಡ್ಲರ್ (ಸೂಚನೆ ಬಂದರೆ ಏನು ಮಾಡಬೇಕು ಅನ್ನುವ ಕೋಡ್) ಇಟ್ಟುಕೊಳ್ಳದ ಸೂಚನೆಯನ್ನು ಕರ್ನಲ್ ಅದಕ್ಕೆ ಮುಟ್ಟಿಸುವುದೇ ಇಲ್ಲ. ಹೀಗೆ ಇಬ್ಬರೂ ಸುಮ್ನೆ ಕೂತಿರುತ್ತಾರೆ, ಗಡುವು ಮುಗಿಯುತ್ತದೆ.

ಪರಿಹಾರ ಒಂದು ಪದದ್ದು. ಸ್ಕ್ರಿಪ್ಟಿನ ಕೊನೆ ಸಾಲಿನ ಮುಂದೆ ‘ಎಕ್ಸೆಕ್’ ಸೇರಿಸಿ. ಶೆಲ್ ತನ್ನ ಜಾಗವನ್ನೇ ಪ್ರೋಗ್ರಾಂಗೆ ಬಿಟ್ಟುಕೊಡುತ್ತದೆ, ಒಂದನೇ ನಂಬರ್ ಅದಕ್ಕೇ ಸಿಗುತ್ತದೆ. ಪ್ರೋಗ್ರಾಂ ಸಿಗ್‌ಟರ್ಮ್‌ಗೆ ಹ್ಯಾಂಡ್ಲರ್ ಇಟ್ಟುಕೊಂಡಿರಬೇಕು, ಅದೊಂದನ್ನು ನೋಡಿಕೊಳ್ಳಿ. ಇಲ್ಲದಿದ್ದರೆ ‘ಡಾಕರ್ ರನ್ --ಇನಿಟ್’ ಕೊಡಿ, ಟಿನಿ ಅನ್ನುವ ಪುಟಾಣಿ ಪ್ರೋಗ್ರಾಂ ಒಂದನೇ ನಂಬರಿಗೆ ಕೂತು ಸೂಚನೆ ದಾಟಿಸುತ್ತದೆ. ಇಮೇಜ್ ಕಟ್ಟಲು ಬರೆಯುವ ಡಾಕರ್‌ಫೈಲ್‌ನಲ್ಲಿ ಸಿಎಂಡಿ ಸಾಲನ್ನು ಚೌಕ ಆವರಣದೊಳಗೆ ಬರೆಯದೆ ಹಾಗೇ ಬರೆದಿದ್ದರೂ ಇದೇ ಕಥೆ, ಅಲ್ಲೂ ನಡುವೆ ಶೆಲ್ ನುಸುಳುತ್ತದೆ.

ಪ್ರಶ್ನೆ: ಟರ್ಮಿನಲ್ಲಿನಲ್ಲೇ ಕ್ಲಸ್ಟರ್ ತೋರಿಸುವ ಕೆ9ಎಸ್ ಇರುವಾಗ ಆಜ್ಞೆಗಳನ್ನು ಯಾಕೆ ಬಾಯಿಪಾಠ ಮಾಡಬೇಕು?
— ಓದುಗರು, ಮೈಸೂರು

ಉತ್ತರ: ಬಾಯಿಪಾಠ ಬೇಡ. ಕೆ9ಎಸ್ ನನಗೂ ಇಷ್ಟ, ಬೆಳಿಗ್ಗೆ ಒಮ್ಮೆ ಕ್ಲಸ್ಟರ್ ಪೂರ್ತಿ ಕಣ್ಣಾಡಿಸಲು ಅದಕ್ಕಿಂತ ಸಲೀಸಾದದ್ದು ಕಂಡಿಲ್ಲ. ಪ್ರೊಡಕ್ಷನ್‌ನಲ್ಲಿ ‘--ರೀಡ್‌ಓನ್ಲಿ’ ಹಾಕಿಯೇ ತೆರೆಯಿರಿ, ಕಂಟ್ರೋಲ್-ಡಿ ಅಲ್ಲಿ ಅಳಿಸುವ ಕೀಲಿ. ಟರ್ಮಿನಲ್ಲಿನಿಂದ ಹೊರಬರಲು ಅದನ್ನೇ ಒತ್ತಿ ಕೈಗೆ ಅಭ್ಯಾಸವಾದವರಿಗಂತೂ ಇದು ಗಂಡಾಂತರ. ಒಂದೇ ಯಂತ್ರದ ಡಾಕರ್‌ಗೆ ಇಂಥದ್ದೇ ಆದ ಲೇಝಿಡಾಕರ್ ಸಾಕು. ಹಲವು ಪಾಡ್‌ಗಳ ಲಾಗನ್ನು ಒಟ್ಟಿಗೆ ಬಣ್ಣ ಬಣ್ಣವಾಗಿ ನೋಡಲು ಸ್ಟರ್ನ್. ಆದರೆ ಕೆ9ಎಸ್‌ನಲ್ಲಿ ಮಾಡಿದ್ದನ್ನು ಪಕ್ಕದವರಿಗೆ ಚೀಟಿಯಲ್ಲಿ ಬರೆದು ಕೊಡಲಾಗುವುದಿಲ್ಲ, ಆಜ್ಞೆಯನ್ನು ಕೊಡಬಹುದು. ಒಂದೇ ಕೆಲಸ ಪದೇ ಪದೇ ಬಂದರೆ ಸ್ಕ್ರಿಪ್ಟ್ ಮಾಡಿ, ಶೆಲ್‌ಚೆಕ್‌ನಿಂದ ಒಮ್ಮೆ ಪರೀಕ್ಷಿಸಿ. ‘ಕ್ಯೂಬ್‌ಸಿಟಿಎಲ್-’ ಅಂತ ಶುರುವಾಗುವ ಹೆಸರಿಟ್ಟು ಪಾತ್‌ನಲ್ಲಿ (ಶೆಲ್ ಆಜ್ಞೆ ಹುಡುಕುವ ಫೋಲ್ಡರ್‌ಗಳಲ್ಲಿ) ಇಟ್ಟರೆ ನಿಮ್ಮ ಸ್ಕ್ರಿಪ್ಟೇ ಕ್ಯೂಬ್‌ಸಿಟಿಎಲ್‌ನ ಪ್ಲಗಿನ್ ಆಗುತ್ತದೆ. ಬೇರೆ ಏನೂ ನೋಂದಾಯಿಸಬೇಕಿಲ್ಲ.

ಪ್ರಶ್ನೆ: ಡಾಕರ್ ಅನ್ನು ನೂರು ಸಾಲು ಬ್ಯಾಷ್‌ನಲ್ಲಿ ಬರೆದಿದ್ದಾರಂತೆ, ನಿಜವಾ?
— ಪಾಲಿಟೆಕ್ನಿಕ್ ವಿದ್ಯಾರ್ಥಿ, ತುಮಕೂರು

ಉತ್ತರ: ನಿಜ, ಬಾಕರ್ ಅಂತ ಹೆಸರು. ಡಾಕರ್ ಪೂರ್ತಿ ಅಲ್ಲ. ಪುಲ್, ರನ್, ಪಿಎಸ್, ಲಾಗ್ಸ್, ಎಕ್ಸೆಕ್‌ನಂಥ ಮುಖ್ಯ ಆಜ್ಞೆಗಳನ್ನು ಸುಮಾರು ನೂರು ಸಾಲಿನಲ್ಲಿ ಮಾಡಿ ತೋರಿಸಿದ್ದಾರೆ. ಇಮೇಜ್‌ಗಳಿಗೆ ಬಿಟಿಆರ್‌ಎಫ್‌ಎಸ್, ಬೇರೆಯಾಗಿಡಲು ಅನ್‌ಶೇರ್, ಮಿತಿ ಹಾಕಲು ಸಿಗ್ರೂಪ್, ನೆಟ್‌ವರ್ಕಿಗೆ ‘ಐಪಿ’ ಆಜ್ಞೆ. ಒಂದು ಭಾನುವಾರ ಕೂತು ಸಾಲು ಸಾಲಾಗಿ ಓದಿ, ಕಂಟೇನರ್ ಬಗ್ಗೆ ನಾಲ್ಕು ವಿಡಿಯೋ ನೋಡುವುದಕ್ಕಿಂತ ಲಾಭ. ಓಡಿಸುವುದಾದರೆ ವರ್ಚುವಲ್ ಮಷೀನ್ ಒಳಗೇ ಓಡಿಸಿ. ಅದು ರೂಟ್ ಆಗಿ ಓಡುತ್ತದೆ, ನೆಟ್‌ವರ್ಕ್ ಮತ್ತು ಫೈರ್‌ವಾಲ್ ನಿಯಮಗಳನ್ನು ಬದಲಿಸುತ್ತದೆ. ಅಪ್ಪನ ಲ್ಯಾಪ್‌ಟಾಪ್‌ನಲ್ಲಿ ಬೇಡ.