ಹದಿನೆಂಟು ಗೆದ್ದವರು, ಹತ್ತೊಂಬತ್ತನೆಯದರಲ್ಲಿ ಸೋತವರು

ನಿಮ್ಮ ಪ್ರಶ್ನೆ ಹೀಗಿದೆ: "ಎನ್‌ಎಫ್‌ಎಲ್‌ನಲ್ಲಿ ಒಂದು ತಂಡ ಲೀಗ್ ಹಂತದಲ್ಲಿ ಹದಿನಾರಕ್ಕೆ ಹದಿನಾರೂ ಗೆದ್ದು ಕೊನೆಗೆ ಚಾಂಪಿಯನ್ ಆಗಲಿಲ್ಲವಂತೆ. ಹಾಗಾದರೆ ನಾಲ್ಕು ತಿಂಗಳ ಲೀಗ್ ಆಟಕ್ಕೆ ಬೆಲೆ ಏನು? ಪ್ಲೇಆಫ್ ಅನ್ಯಾಯ ಅಲ್ಲವೇ?"

ಎನ್‌ಎಫ್‌ಎಲ್ ಎಂದರೆ ಅಮೆರಿಕದ ಫುಟ್‌ಬಾಲ್ ಲೀಗ್. ಆ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, ವರ್ಷ 2007. ನಾನು ಕೆಲಸಕ್ಕೆಂದು ನ್ಯೂಜೆರ್ಸಿಗೆ ಬಂದಿಳಿದದ್ದೂ ಅದೇ ವರ್ಷ. ಅವರನ್ನು ಫೈನಲ್‌ನಲ್ಲಿ ಸೋಲಿಸಿದ ಜೈಂಟ್ಸ್ ತಂಡದ ಹೆಸರಿನಲ್ಲಿ ನ್ಯೂಯಾರ್ಕ್ ಇದ್ದರೂ ಅವರ ಮೈದಾನ ಇರುವುದು ನ್ಯೂಜೆರ್ಸಿಯ ಈಸ್ಟ್ ರದರ್‌ಫರ್ಡ್‌ನಲ್ಲಿ. ಹಾಗಾಗಿ ಆಟದ ಗಂಧಗಾಳಿ ಇಲ್ಲದ ನನಗೂ ಆ ಚಳಿಗಾಲದಲ್ಲಿ ಜೈಂಟ್ಸ್ ನಮ್ಮೂರ ತಂಡವಾಯಿತು. ಅನ್ಯಾಯ ಆಯಿತೆಂದು ನನಗೆ ಅನ್ನಿಸುವುದಿಲ್ಲ. ಯಾಕೆಂದು ಹೇಳುತ್ತೇನೆ.

ಮೊದಲು ಪದ್ಧತಿ. ಒಟ್ಟು 32 ತಂಡಗಳು, ಎಎಫ್‌ಸಿ ಮತ್ತು ಎನ್‌ಎಫ್‌ಸಿ ಎಂಬ ಎರಡು ಕಾನ್ಫರೆನ್ಸ್. ಒಂದೊಂದರಲ್ಲೂ ನಾಲ್ಕು ತಂಡಗಳ ನಾಲ್ಕು ಡಿವಿಷನ್. ಈಗ ಪ್ರತಿ ತಂಡಕ್ಕೆ 17 ಲೀಗ್ ಪಂದ್ಯ. 2007ರಲ್ಲಿ 16 ಇತ್ತು. ಇದರಲ್ಲಿ ಆರು ಪಂದ್ಯ ಸ್ವಂತ ಡಿವಿಷನ್ನಿನ ಮೂವರ ಮೇಲೆಯೇ, ಒಬ್ಬೊಬ್ಬರೊಡನೆ ಎರಡೆರಡು ಸಲ. ಎಲ್ಲರೂ ಎಲ್ಲರೊಡನೆ ಆಡುವುದು ಇಲ್ಲಿ ಸಾಧ್ಯವೇ ಇಲ್ಲ. ಮೈಮೇಲೆ ಬಿದ್ದು ಆಡುವ ಆಟ, ವಾರಕ್ಕೆ ಒಂದಕ್ಕಿಂತ ಹೆಚ್ಚು ಆಡಿಸಿದರೆ ದೇಹ ತಡೆಯುವುದಿಲ್ಲ. ಆದ್ದರಿಂದ ಅಂಕಪಟ್ಟಿಯ ಮೇಲ್ತುದಿಯಲ್ಲಿದ್ದವರೇ ದೇಶದ ಅತ್ಯುತ್ತಮ ತಂಡ ಎಂದು ಹೇಳಲು ಅಲ್ಲಿ ಆಧಾರವಿಲ್ಲ. ಒಬ್ಬರಿಗೆ ಸಿಕ್ಕ ಎದುರಾಳಿಗಳು ಇನ್ನೊಬ್ಬರಿಗೆ ಸಿಕ್ಕಿರುವುದಿಲ್ಲ.

ಹಾಗಾದರೆ ಲೀಗ್ ಗೆಲುವಿನಿಂದ ಸಿಗುವುದೇನು? ಪ್ಲೇಆಫ್‌ಗೆ ಪ್ರವೇಶ, ತವರು ಮೈದಾನ, ಒಂದು ವಾರದ ವಿಶ್ರಾಂತಿ. ಡಿವಿಷನ್ ಗೆದ್ದ ನಾಲ್ವರಿಗೆ ಮೊದಲ ನಾಲ್ಕು ಸ್ಥಾನ. ಉಳಿದವರಲ್ಲಿ ಹೆಚ್ಚು ಗೆದ್ದವರಿಗೆ ವೈಲ್ಡ್ ಕಾರ್ಡ್. ಆಗ ಕಾನ್ಫರೆನ್ಸ್‌ಗೆ ಆರು ತಂಡ, 2020ರಿಂದ ಏಳು. ಈಗ ಮೊದಲ ಸ್ಥಾನದವರಿಗೆ ಮಾತ್ರ ಮೊದಲ ಸುತ್ತಿನ ವಿಶ್ರಾಂತಿ. ಅಲ್ಲಿಂದ ಮುಂದೆ ಸೋತವರು ಮನೆಗೆ. ನಮ್ಮ ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನದವರು ಒಂದು ಸಲ ಎಡವಿದರೂ ಇನ್ನೊಂದು ಅವಕಾಶ ಇರುತ್ತದೆ. 2025ರಲ್ಲಿ ಪಂಜಾಬ್ ಮೊದಲ ಕ್ವಾಲಿಫೈಯರ್‌ನಲ್ಲಿ ಆರ್‌ಸಿಬಿಗೆ ಸೋತೂ ಫೈನಲ್‌ಗೆ ಬಂದದ್ದು ನೆನಪಿರಬಹುದು. ಅಮೆರಿಕದ ಫುಟ್‌ಬಾಲ್‌ನಲ್ಲಿ ಆ ಎರಡನೇ ಅವಕಾಶ ಯಾರಿಗೂ ಇಲ್ಲ, ಹದಿನಾರಕ್ಕೆ ಹದಿನಾರು ಗೆದ್ದವರಿಗೂ ಇಲ್ಲ.

ಈಗ 2007ಕ್ಕೆ ಬರೋಣ. ಪೇಟ್ರಿಯಟ್ಸ್ ಆ ವರ್ಷ ಆಡಿದ ರೀತಿ ಭಯ ಹುಟ್ಟಿಸುವಂತಿತ್ತು. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 50 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡು ಮುಟ್ಟಿಸಿ ಅಂಕ ತರುವ ಎಸೆತ) ಎಸೆದ, ಅವುಗಳಲ್ಲಿ 23ನ್ನು ರ್‍ಯಾಂಡಿ ಮಾಸ್ ಒಬ್ಬನೇ ಹಿಡಿದ. ತಂಡ ಗಳಿಸಿದ್ದು 589 ಅಂಕ. ಮೂರೂ ಆಗಿನ ಕಾಲಕ್ಕೆ ದಾಖಲೆಗಳು. ಜೈಂಟ್ಸ್ ಮಾತ್ರ ಮೊದಲ ಎರಡು ಪಂದ್ಯಗಳನ್ನೇ ಸೋತು, ಕುಂಟುತ್ತಾ 10–6ಕ್ಕೆ (ಹತ್ತು ಗೆಲುವು, ಆರು ಸೋಲು) ಬಂದು, ಐದನೇ ಸ್ಥಾನದಲ್ಲಿ ವೈಲ್ಡ್ ಕಾರ್ಡ್ ಪಡೆದರು.

ನನ್ನ ಲೆಕ್ಕದಲ್ಲಿ ಆ ಸೀಸನ್ನಿನ ಕೀಲಿ ಫೈನಲ್‌ನಲ್ಲಿ ಇಲ್ಲ, ಡಿಸೆಂಬರ್ 29ರ ಶನಿವಾರ ರಾತ್ರಿಯ ಲೀಗ್‌ನ ಕೊನೆಯ ಪಂದ್ಯದಲ್ಲಿ ಇದೆ. ಈಸ್ಟ್ ರದರ್‌ಫರ್ಡ್‌ನಲ್ಲಿ ಇವೇ ಎರಡು ತಂಡಗಳು ಎದುರಾದವು. ಸ್ಥಾನಗಳ ಲೆಕ್ಕದಲ್ಲಿ ಅದು ಯಾರಿಗೂ ಬೇಕಿರದ ಪಂದ್ಯ: ಪೇಟ್ರಿಯಟ್ಸ್‌ಗೆ ಮೊದಲ ಸ್ಥಾನ ಆಗಲೇ ಖಾತ್ರಿ, ಜೈಂಟ್ಸ್‌ಗೆ ಐದನೆಯದು ಖಾತ್ರಿ. ಇಂಥ ಪಂದ್ಯದಲ್ಲಿ ಮುಖ್ಯ ಆಟಗಾರರನ್ನು ಕೂರಿಸಿ ಗಾಯ ತಪ್ಪಿಸಿಕೊಳ್ಳುವುದೇ ಜಾಣತನ ಎಂದು ಊರೆಲ್ಲ ಹೇಳುತ್ತಿತ್ತು. ನಮ್ಮ ಕಚೇರಿಯಲ್ಲೂ ವಾರವಿಡೀ ಅದೇ ಚರ್ಚೆ. ಜೈಂಟ್ಸ್ ಕೋಚ್ ಟಾಮ್ ಕಾಫ್ಲಿನ್ ಕೇಳಲಿಲ್ಲ. ಪೂರ್ಣ ತಂಡವನ್ನೇ ಇಳಿಸಿದರು. ಮೂರನೇ ಕ್ವಾರ್ಟರ್‌ನಲ್ಲಿ ಜೈಂಟ್ಸ್ 28–16ರಿಂದ ಮುಂದಿದ್ದರು. ಆಮೇಲೆ ಬ್ರೇಡಿ ಎಸೆದ ಉದ್ದನೆಯ ಚೆಂಡೊಂದನ್ನು ಮಾಸ್ ಕೈಚೆಲ್ಲಿದ, ಮರು ಎಸೆತದಲ್ಲೇ ಅದೇ ದಾರಿಯಲ್ಲಿ ಓಡಿ 65 ಗಜದ ಟಚ್‌ಡೌನ್ ಹಿಡಿದ. ಬ್ರೇಡಿಯ 50ನೆಯದೂ ಮಾಸ್‌ನ 23ನೆಯದೂ ಅದೇ. ಪೇಟ್ರಿಯಟ್ಸ್ 38–35ರಿಂದ ಗೆದ್ದು 16–0 ಆದರು.

ಸೋತ ಆ ಪಂದ್ಯದಲ್ಲಿ ಜೈಂಟ್ಸ್‌ನ ಕೆಲವರು ಗಾಯಗೊಂಡರು. ಆದರೆ ಸೋಲಿಸಲಾಗದು ಎಂದುಕೊಂಡಿದ್ದ ತಂಡದ ಜೊತೆ ಅರವತ್ತು ನಿಮಿಷ ಸಮಬಲದಲ್ಲಿ ಸೆಣಸಿ ನೋಡಿದ್ದರು. ಮರುದಿನ ನಮ್ಮ ಊರಿನ ಅಂಗಡಿಗಳಲ್ಲಿ, ರೈಲಿನಲ್ಲಿ, ಸೋತ ತಂಡದ ಅಭಿಮಾನಿಗಳ ಮುಖದಲ್ಲಿ ಬೇಸರಕ್ಕಿಂತ ಹುಮ್ಮಸ್ಸೇ ಹೆಚ್ಚಿತ್ತು. ಸೋತೂ ಬೀಗುವುದನ್ನು ನಾನು ಅಂದೇ ಮೊದಲು ನೋಡಿದ್ದು. ಲೀಗ್ ಪಂದ್ಯಕ್ಕೆ ಬೆಲೆ ಏನು ಎಂದು ಕೇಳಿದಿರಲ್ಲ, ನನ್ನ ಉತ್ತರ ಅಂಕಪಟ್ಟಿಗೆ ಬೇಡವಾಗಿದ್ದ ಈ ಪಂದ್ಯ.

ಪ್ಲೇಆಫ್‌ನಲ್ಲಿ ಐದನೇ ಸ್ಥಾನದವರಿಗೆ ತವರಿನ ಸುಖ ಇಲ್ಲ. ಜೈಂಟ್ಸ್ ಮೂರೂ ಪಂದ್ಯಗಳನ್ನು ಪರಊರಿನಲ್ಲೇ ಆಡಿದರು. ಟ್ಯಾಂಪಾದಲ್ಲಿ 24–14ರ ಗೆಲುವು. ಡಲ್ಲಾಸ್‌ನಲ್ಲಿ 21–17, ಆ ಡಲ್ಲಾಸ್ 13–3ರ ತಂಡ, ಲೀಗ್‌ನಲ್ಲಿ ಇವರನ್ನು ಎರಡು ಸಲವೂ ಸೋಲಿಸಿತ್ತು. ಆಮೇಲೆ ಗ್ರೀನ್ ಬೇ, ಅದೂ 13–3ರ ತಂಡ. ಜನವರಿ 20ರಂದು ಅಲ್ಲಿ ಆಟ ಶುರುವಾದಾಗ ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಟಿವಿಯಲ್ಲಿ ಕಾಫ್ಲಿನ್ ಅವರ ಮುಖ ಚಳಿಗೆ ಕೆಂಪಗೆ ಸುಟ್ಟಂತೆ ಕಾಣುತ್ತಿತ್ತು. ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ತರುವ ಜೈಂಟ್ಸ್ ಕಿಕ್ಕರ್ ಲಾರೆನ್ಸ್ ಟೈನ್ಸ್ ಕೊನೆಯ ಕ್ವಾರ್ಟರ್‌ನಲ್ಲಿ ಎರಡು ಒದೆತ ತಪ್ಪಿಸಿದ. ಹೆಚ್ಚುವರಿ ಸಮಯದಲ್ಲಿ 47 ಗಜದಿಂದ ಒದೆಯಬೇಕಾಗಿ ಬಂದಾಗ ಅವನೇ ಓಡಿ ಬಂದು ಒದ್ದ. ಈ ಸಲ ತಪ್ಪಲಿಲ್ಲ, 23–20.

ಫೈನಲ್, ಅಂದರೆ ಸೂಪರ್ ಬೌಲ್, ಫೆಬ್ರವರಿ 3, 2008ರಂದು ಅರಿಜೋನಾದ ಗ್ಲೆಂಡೇಲ್‌ನಲ್ಲಿ. ನಾವು ಏಳೆಂಟು ಕನ್ನಡಿಗರು ಒಬ್ಬರ ಮನೆಯಲ್ಲಿ ಸೇರಿದ್ದೆವು. ಮಂಡಕ್ಕಿ ಒಗ್ಗರಣೆ ಮಾಡಿಕೊಂಡು, ನಿಯಮ ಗೊತ್ತಿದ್ದ ಒಬ್ಬರನ್ನು ನಡುವೆ ಕೂರಿಸಿಕೊಂಡು. ಜೈಂಟ್ಸ್ ಮೊದಲ ದಾಳಿಯಲ್ಲೇ ಸುಮಾರು ಹತ್ತು ನಿಮಿಷ ಚೆಂಡು ತಮ್ಮಲ್ಲೇ ಇಟ್ಟುಕೊಂಡರು. ಚೆಂಡು ಜೈಂಟ್ಸ್ ಬಳಿ ಇದ್ದು ಬ್ರೇಡಿ ಹೊರಗೆ ಕುಳಿತಿರುವಷ್ಟು ಹೊತ್ತು ಅವನು ಅಂಕ ಗಳಿಸಲಾರ, ಲೆಕ್ಕ ಅಷ್ಟು ಸರಳ. ಅವನು ಒಳಗೆ ಬಂದಾಗ ಜೈಂಟ್ಸ್‌ನ ಮೈಕಲ್ ಸ್ಟ್ರೇಹ್ಯಾನ್, ಜಸ್ಟಿನ್ ಟಕ್ ಮುಂತಾದವರು ಎಸೆಯಲು ಬಿಡುವು ಕೊಡಲಿಲ್ಲ. ಐದು ಸಲ ಚೆಂಡಿನೊಡನೆ ಕೆಡವಿದರು. ವರ್ಷವಿಡೀ ಅಂಕ ಸುರಿಸಿದ ತಂಡ 14ಕ್ಕೇ ನಿಂತಿತು.

ಆದರೂ ಎರಡೂವರೆ ನಿಮಿಷ ಉಳಿದಿರುವಾಗ ಪೇಟ್ರಿಯಟ್ಸ್ 14–10ರಿಂದ ಮುಂದಿದ್ದರು. ಮುಂದಿನದನ್ನು ಎಷ್ಟು ಸಲ ನೋಡಿದರೂ ನನಗೆ ಮೈ ಜುಂ ಎನ್ನುತ್ತದೆ. ಆಟ ಮುಗಿಯಲು ಒಂದು ನಿಮಿಷ ಚಿಲ್ಲರೆ. ಜೈಂಟ್ಸ್ ಕ್ವಾರ್ಟರ್‌ಬ್ಯಾಕ್ ಈಲೈ ಮ್ಯಾನಿಂಗ್‌ನ ಅಂಗಿಯನ್ನು ಎದುರಾಳಿಗಳು ಹಿಡಿದೇಬಿಟ್ಟಿದ್ದರು. ಹೇಗೋ ಕೊಸರಿಕೊಂಡು ಹಿಂದೆ ಸರಿದು ಚೆಂಡನ್ನು ಮೇಲಕ್ಕೆ ಎಸೆದ. ಡೇವಿಡ್ ಟೈರಿ ಹಾರಿದ. ಲೀಗ್ ಹಂತದಲ್ಲೆಲ್ಲ ಬರೀ ನಾಲ್ಕು ಪಾಸ್ ಹಿಡಿದಿದ್ದ ಆಟಗಾರ ಅವನು. ಪೇಟ್ರಿಯಟ್ಸ್‌ನ ರಾಡ್ನಿ ಹ್ಯಾರಿಸನ್ ಅವನ ಕೈಯಿಂದ ಚೆಂಡು ಕಿತ್ತುಕೊಳ್ಳಲು ಜಗ್ಗುತ್ತಿರುವಾಗಲೇ ಟೈರಿ ಅದನ್ನು ಒಂದು ಕೈಯಿಂದ ತನ್ನ ಹೆಲ್ಮೆಟ್‌ಗೆ ಒತ್ತಿ ಹಿಡಿದು ನೆಲಕ್ಕೆ ಬಿದ್ದ. ಚೆಂಡು ನೆಲ ಮುಟ್ಟಲಿಲ್ಲ. 32 ಗಜ. ಕೊನೆಗೆ 35 ಸೆಕೆಂಡ್ ಉಳಿದಾಗ ಪ್ಲ್ಯಾಕ್ಸಿಕೊ ಬರೆಸ್ ಹಿಡಿದ 13 ಗಜದ ಟಚ್‌ಡೌನ್, 17–14. ಮನೆಯೊಳಗೆ ಎದ್ದ ಗದ್ದಲಕ್ಕೆ ಮೇಲಿನ ಮನೆಯವರು ಬಾಗಿಲು ತಟ್ಟಿದರು, ನಮ್ಮನ್ನು ತಬ್ಬಿಕೊಳ್ಳಲು.

ಇದರಲ್ಲಿ ಅದೃಷ್ಟ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ಹೆಲ್ಮೆಟ್‌ಗೆ ಒತ್ತಿ ಹಿಡಿದ ಚೆಂಡೊಂದೇ ಆ ದಿನವನ್ನು ಗೆಲ್ಲಿಸಲಿಲ್ಲ. ಅರವತ್ತು ನಿಮಿಷ ಬ್ರೇಡಿಯನ್ನು ಕಟ್ಟಿಹಾಕಿದ್ದರಿಂದಲೇ ಆ ಹಿಡಿತಕ್ಕೆ ಬೆಲೆ ಬಂತು. ಇವೇ ತಂಡಗಳು 2012ರ ಫೆಬ್ರವರಿಯಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮತ್ತೆ ಫೈನಲ್‌ನಲ್ಲಿ ಎದುರಾದಾಗಲೂ ಜೈಂಟ್ಸ್ 21–17ರಿಂದ ಗೆದ್ದರು.

ಅನ್ಯಾಯ ಎಲ್ಲಿದೆ ಎಂದು ಹುಡುಕುವುದಾದರೆ ನಾನು ಬೇರೆ ಕಡೆ ಬೆರಳು ತೋರಿಸುತ್ತೇನೆ. 2008ರಲ್ಲಿ ಬ್ರೇಡಿ ಮೊದಲ ಪಂದ್ಯದಲ್ಲೇ ಮಂಡಿಗೆ ಗಾಯ ಮಾಡಿಕೊಂಡು ಇಡೀ ಸೀಸನ್ ಹೊರಗುಳಿದ, ಆದರೂ ಪೇಟ್ರಿಯಟ್ಸ್ 11 ಗೆದ್ದರು, ಪ್ಲೇಆಫ್ ಸಿಗಲಿಲ್ಲ. 2010ರಲ್ಲಿ ಸಿಯಾಟಲ್ ಬರೀ 7 ಗೆದ್ದು 9 ಸೋತೂ ತನ್ನ ದುರ್ಬಲ ಡಿವಿಷನ್ನಿನಲ್ಲಿ ಮೊದಲು ಬಂದಿದ್ದಕ್ಕೆ ಪ್ಲೇಆಫ್‌ಗೆ ಹೋಯಿತು, ತವರಿನಲ್ಲೇ ಆಡಿ ಹಿಂದಿನ ವರ್ಷದ ಚಾಂಪಿಯನ್ ನ್ಯೂ ಆರ್ಲಿಯನ್ಸನ್ನು 41–36ರಿಂದ ಹೊರಗಟ್ಟಿತು. ಡಿವಿಷನ್ ಗೆದ್ದವರಿಗೆ ಪ್ರವೇಶ ಕೊಡಲಿ, ಆದರೆ ತವರು ಮೈದಾನವನ್ನು ಹೆಚ್ಚು ಗೆದ್ದವರಿಗೇ ಕೊಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

2007ರ ಪೇಟ್ರಿಯಟ್ಸ್‌ಗೆ ಲೀಗ್ ಕೊಡಬೇಕಾದದ್ದನ್ನೆಲ್ಲ ಕೊಟ್ಟಿತ್ತು: ವಿಶ್ರಾಂತಿಯ ವಾರ, ಎರಡು ಪಂದ್ಯ ತವರಿನಲ್ಲಿ. ಅವೆರಡನ್ನೂ ಗೆದ್ದು ಅವರು 18–0 ಆಗಿದ್ದರು. ಲೀಗ್, ಪ್ಲೇಆಫ್ ಎರಡರಲ್ಲೂ ಒಂದೂ ಸೋಲದೆ ಸೂಪರ್ ಬೌಲ್ ಗೆದ್ದವರು ಇಂದಿಗೂ 1972ರ ಮಯಾಮಿ ಡಾಲ್ಫಿನ್ಸ್ ಮಾತ್ರ.

ಆ ಫೈನಲ್ ನೋಡುವ ಮನಸ್ಸಿದ್ದರೆ ಮೊದಲು ಡಿಸೆಂಬರ್ 29ರ 38–35ರ ಪಂದ್ಯ ನೋಡಿ, ಆಮೇಲೆ ಫೈನಲ್ ಹಾಕಿಕೊಳ್ಳಿ. ಯಾವ ನಿಯಮ ಅರ್ಥವಾಗದಿದ್ದರೂ ಕೆಳಗೆ ಕೇಳಿ, ಬರೆಯುತ್ತೇನೆ.